ಕೆಂಪು ಮಣಿಯ ಮದುಮಗಳು

"ತಡೀರಿ! ಅರಿಶಿಣ ಹಚ್ಚಬ್ಯಾಡ್ರಿ!" ಎಂದು ಕೂಗುತ್ತ ಸೂಗಮ್ಮ ಹೆಂಗಸರ ಗುಂಪಿನೊಳಗೆ ನುಗ್ಗಿದಳು.

ಒಂದೇ ಒಂದು ಸಲ ಸುರಿದು ಮಳೆ ಕೈಕೊಟ್ಟಿತೆಂದು ಕಮಲಾಪುರದಲ್ಲಿ ಕಪ್ಪೆಗಳ ಮದುವೆ ನಡೆಯುತ್ತಿತ್ತು. ಬೇವಿನ ಮರದಡಿ ಪೂಜೆಗೆ ನಿಲ್ಲಿಸಿದ ಒನಕೆ, ಅದರ ಪಕ್ಕದ ಬುಟ್ಟಿಯಲ್ಲಿ ಗಂಡೊಂದು, ಹೆಣ್ಣೊಂದು. ಹೆಣ್ಣಿನ ಸೊಂಟಕ್ಕೆ ಸಡಿಲವಾದ ದಾರದಲ್ಲಿ ಕೆಂಪು ಮಣಿ. ಅದನ್ನು ಕಂಡೇ ಸೂಗಮ್ಮ ಓಡಿಬಂದಿದ್ದಳು.

"ಅರಿಶಿಣ ಇಲ್ಲದ ಮದುವಿ ಎಲ್ಲೆರ ಕಂಡೀಯೇನವ್ವ?" ಎಂದಳು ಮದುವೆಯ ಯಜಮಾನಿ ದುಂಡಮ್ಮ. "ಮಣಿ ಕಟ್ಟಿಕೊಂಡೇ ಬಂದಾಳ ನೋಡು. ದೇವರೇ ಆರಿಸಿ ಕಳಿಸ್ಯಾನ."

ಮಣಿ ಕಟ್ಟಿದ್ದು ದೇವರಲ್ಲ, ಸೂಗಮ್ಮನೇ. ಕಲಬುರಗಿಯ ಯೂನಿವರ್ಸಿಟಿಯಲ್ಲಿ ಕಪ್ಪೆಗಳ ಮೇಲೆ ಸಂಶೋಧನೆ ಅವಳದು. ನೆಲದೊಳಗೆ ಹೂತುಕೊಳ್ಳುವ ಈ ಕಪ್ಪೆ ಮರುವರ್ಷವೂ ತನ್ನ ತಗ್ಗಿಗೇ ಬರುತ್ತದೆ ಎಂಬುದು ಅವಳ ವಾದ. ಹೋದ ಮಳೆಗಾಲದಲ್ಲಿ ಇದೇ ಕಮಲಾಪುರದ ಒಂದೊಂದು ತಗ್ಗಿನ ಕಪ್ಪೆಗಳಿಗೆ ಒಂದೊಂದು ಬಣ್ಣದ ಮಣಿ ಕಟ್ಟಿದ್ದಳು. ಈ ವರ್ಷದ ಮೊದಲ ಮಳೆಗೆ ಎಷ್ಟು ಹುಡುಕಿದರೂ ಒಂದು ಮಣಿಯೂ ಸಿಗಲಿಲ್ಲ. "ಕಪ್ಪಿ ಬಿಡು, ಮೀನ ಹಿಡಿ. ಮೀನ ಕೆರಿ ಬಿಟ್ಟು ಹೋಗೂದಿಲ್ಲ" ಎಂದ ಪ್ರೊಫೆಸರು, ಒಂದಾದರೂ ಮಣಿ ತೋರಿಸಲು ಸೋಮವಾರದವರೆಗೆ ಗಡುವು ಕೊಟ್ಟಿದ್ದರು. ಕಲಬುರಗಿಯ ಗಾಜಿಪುರದ ಮನೆಯಲ್ಲಿ, ಇನ್ನು ಕಪ್ಪೆ ಬಿಡುತ್ತಾಳೆಂದು ಅಪ್ಪ ಅಣವೀರಪ್ಪನಿಗೆ ಒಳಗೊಳಗೇ ಹಿಗ್ಗು. ಮಗಳು ಕಪ್ಪೆ ಹಿಡಿಯುತ್ತಾಳೆಂದು ವರನ ಕಡೆಯವರಿಗೆ ಯಾವ ಬಾಯಲ್ಲಿ ಹೇಳುವುದು?

"ಕಪ್ಪಿ ತೊಗಲಿನಿಂದ ಉಸಿರಾಡ್ತದ್ರಿ. ಅರಿಶಿಣ ಮೆತ್ತಿದರ ಸಾಯ್ತದ."

"ನಮ್ಮವ್ವ ಹಚ್ಚಿಲ್ಲೇನು, ನಮ್ಮಾಯಿ ಹಚ್ಚಿಲ್ಲೇನು?" ದುಂಡಮ್ಮ ಅರಿಶಿಣದಲ್ಲಿ ಬೆರಳದ್ದಿಯೇಬಿಟ್ಟಳು.

ಶಾಸ್ತ್ರಕ್ಕೆ ವಿಜ್ಞಾನ ಹೇಳಿ ಗೆದ್ದವರಿಲ್ಲ. ಸೂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿಗೆ ಅಡ್ಡ ಕೂತಳು. "ಈ ಮಣಿ ಕಟ್ಟಿದಾಕಿ ನಾನು. ನಾ ಹೆಣ್ಣಿನ ಕಡೆಯಾಕಿ. ನಮ್ಮ ಪದ್ಧತಿಯೊಳಗ ಅರಿಶಿಣ ಒನಕಿಗಿ, ಹೆಣ್ಣಿಗಿ ಬರೇ ನೀರು. ಮದುವಿ ಆದಕೂಡಲೆ ತವರಿಗಿ ಕಳಿಸಬೇಕು."

ದುಂಡಮ್ಮ ಹೊಟ್ಟೆ ಹಿಡಿದು ನಕ್ಕಳು. ಇಷ್ಟು ವರ್ಷ ಮದುವೆ ಮಾಡಿದ್ದರೂ ಹೆಣ್ಣಿನ ಕಡೆಯವರು ಅಂತ ಒಬ್ಬರೂ ಬಂದಿರಲಿಲ್ಲ.

"ಬೀಗತಿ ಬಂದಾಳ್ರೇ! ಇನ್ನ ಆಕಿ ಮಾತು ಮೀರಾಕ ಬರೂದಿಲ್ಲ!"

ಅರಿಶಿಣವೆಲ್ಲ ಒನಕೆಗೆ ಹೋಯಿತು. ಬೀಗತಿಯನ್ನು ಬೈಯುವ ಹಾಡು ಶುರುವಾಯಿತು. ಅವಳ ಗಂಟುಮೋರೆ, ಅವಳ ಚಪ್ಪಲಿ, ಯಾವುದನ್ನೂ ಹಾಡು ಬಿಡಲಿಲ್ಲ. ಸೂಗಮ್ಮ ನಗುತ್ತಲೇ ಕೇಳಿದಳು, "ಹೆಣ್ಣು ಎಲ್ಲಿಂದ ತಂದ್ರಿ?"

"ನಬಿಸಾಬನ ಬಾಳಿ ತ್ವಾಟದಾಗ, ಬಾವಿ ಮಗ್ಗಲ ತಗ್ಗು ಅದ ನೋಡು, ಅಲ್ಲಿ. ಹಸಿಮಣ್ಣು ಅಗದೀವಿ, ಕುಂತಿದ್ಳು ಮಹಾರಾಣಿ."

ಕೆಂಪು ಮಣಿ ಕಟ್ಟಿದ್ದು ಆ ತಗ್ಗಿನ ಕಪ್ಪೆಗಳಿಗೆ ಮಾತ್ರ. ಅವಳು ನೆಲದ ಮೇಲೆ ಹುಡುಕಿದ್ದಳು, ಇವರು ಅಗೆದಿದ್ದರು.

ಹಲಗೆ ಬಾರಿಸುತ್ತ ಇಡೀ ದಿಬ್ಬಣ ಬಾಳೆತೋಟಕ್ಕೆ ಹೋಯಿತು. ತಗ್ಗಿನ ಅಂಚಿನಲ್ಲಿ ದುಂಡಮ್ಮ ಕಪ್ಪೆಯನ್ನು ಸೂಗಮ್ಮನ ಬೊಗಸೆಗೆ ಇಳಿಸಿದಳು.

"ಅಳಬೇಕವ್ವ ಬೀಗತಿ. ತವರಿನವರು ಅಳದಿದ್ರ ಶಾಸ್ತ್ರ ಮುಗಿಯೂದಿಲ್ಲ."

ಸೂಗಮ್ಮನಿಗೆ ಹೇಳಿಸಿಕೊಳ್ಳುವ ಅಗತ್ಯವಿರಲಿಲ್ಲ.

"ಬರೂ ವರ್ಷನೂ ಇಲ್ಲೇ ಸಿಗ್ತಾಳೇನು?" ಎಂದಳು ದುಂಡಮ್ಮ.

"ಸಿಗ್ತಾಳ," ಎಂದಳು ಸೂಗಮ್ಮ ಕಣ್ಣೊರೆಸಿಕೊಳ್ಳುತ್ತ. "ನಾನೂ ಬರ್ತೀನಿ."

ಕಪ್ಪೆ ಹಿಂಗಾಲಿನಿಂದ ಕೆಸರು ಸರಿಸುತ್ತ ಹಿಂದಹಿಂದಕ್ಕೆ ಇಳಿಯಿತು. ಮಣಿ ಮಣ್ಣಿನೊಳಗೆ ಮರೆಯಾಯಿತು. ಎರಡು ಕಣ್ಣು ಮಾತ್ರ ಇನ್ನೂ ಸ್ವಲ್ಪ ಹೊತ್ತು ಮೇಲೆಯೇ ಇದ್ದವು.