ರಿಮೋಟ್ ರುದ್ರಣ್ಣನ ಶುಕ್ರವಾರ

ಬಸ್ಸು ಮಧುಗಿರಿ ಬಿಟ್ಟು ಬೆಟ್ಟದ ಮಗ್ಗುಲು ದಾಟುವ ಹೊತ್ತಿಗೆ ಮುಂದಿನ ಸೀಟಿನ ರಾಧಾಮಣಿ ಹಿಂದಕ್ಕೆ ತಿರುಗಿ ಕೂತು, ಫೋನನ್ನು ಸೀಟಿನ ಕಂಬಿಗೆ ಆನಿಸಿ, ದನಿಯನ್ನು ತುದಿಗೇರಿಸಿದಳು.

“ನಮಸ್ಕಾರ ಬಂಧುಗಳೇ, ನಾನು ನಿಮ್ಮ ರಿಮೋಟ್ ರುದ್ರಣ್ಣ. ಈ ಸಲ ಟೀವಿಯವರು ನಮ್ಮ ತಲೆಯ ಮೇಲೆ ಏನೇನು ಅರೆದರು, ನೋಡೋಣ ಬನ್ನಿ.”

ಕಿಟಕಿಯ ಪಕ್ಕ ಕೂತಿದ್ದ ಲೋಹಿತಾಳ ಅಂಗೈ ತಣ್ಣಗಾಯಿತು.

ಆ ಗಂಡು ದನಿ ಯಾವ ಗಂಡಸಿನದೂ ಅಲ್ಲ. ಬರೆದುಕೊಟ್ಟದ್ದನ್ನು ಓದುವ ಆ್ಯಪಿನದು. ಬರೆದುಕೊಡುವವಳು ಲೋಹಿತಾ. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಮಹಡಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂರುತ್ತಾಳೆ. ಹಿಂದಿನ ದಿನ ನೋಡಿದ ಧಾರಾವಾಹಿ, ರಿಯಾಲಿಟಿ ಶೋಗಳ ಬಗ್ಗೆ ತನಗನಿಸಿದ್ದನ್ನು ಹೆಬ್ಬೆರಳಿನಲ್ಲಿ ಒತ್ತುತ್ತಾಳೆ. ಮೀಸೆ ಬಿಡಿಸಿದ ಒಂದು ರಿಮೋಟಿನ ಚಿತ್ರದ ಹಿಂದಿನಿಂದ ರುದ್ರಣ್ಣ ಅದನ್ನು ಗಡಸಾಗಿ ಓದುತ್ತಾನೆ. ವರ್ಷ ತುಂಬುವಷ್ಟರಲ್ಲಿ ಮೂವತ್ತು ಸಾವಿರ ಜನ ಆ ಚಾನೆಲ್ಲಿಗೆ ಸೇರಿಕೊಂಡಿದ್ದರು. ಗಂಡ ಹಾಲೇಶನಿಗೂ ಇದು ಗೊತ್ತಿಲ್ಲ. ಗೊತ್ತಾದರೆ ಏನಾಗುತ್ತದೆ ಎಂಬುದನ್ನು ಮಾತ್ರ ಲೋಹಿತಾ ಕಣ್ಣಾರೆ ಕಂಡಿದ್ದಳು. ಹಾಲೇಶನ ಚಿಕ್ಕಪ್ಪನ ಮಗಳು ಶೃತಿ ಅಂಗಳದಲ್ಲಿ ಕುಣಿದು ಒಂದು ರೀಲ್ಸ್ ಹಾಕಿದ ದಿನ, ಅತ್ತೆ ನಾಗರತ್ನಮ್ಮ ಆ ಹುಡುಗಿಯ ಫೋನು ಕಿತ್ತುಕೊಂಡು ಬೀರುವಿನೊಳಗಿಟ್ಟು ಬೀಗ ಹಾಕಿದ್ದರು. “ನಮ್ಮನೆ ಹೆಣ್ಣುಮಕ್ಕಳು ಊರ ಬಾಯಿಗೆ ಬೀಳಕೂಡದು” ಎಂದಿದ್ದರು, ಅಷ್ಟೆ. ಫೋನು ಹೊರಗೆ ಬಂದದ್ದು ಶೃತಿಯ ಮದುವೆಯಾದ ಮೇಲೆ.

ಆ ನಾಗರತ್ನಮ್ಮ ಈಗ ಹಣ್ಣುಕಾಯಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಲೋಹಿತಾಳ ಮೈಗೆ ಮೈ ತಾಗುವಂತೆ ಕೂತಿದ್ದರು. ಅವರ ಆಚೆಗೆ ಬೀದಿಯ ಹಿರಿಯಳು ಕರಿಬಸಮ್ಮ. ನಾಲ್ವರೂ ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಶುಕ್ರವಾರದ ಪೂಜೆಗೆಂದು ಹೊರಟವರು.

ಬೀದಿಯ ಹೆಂಗಸರು ರುದ್ರಣ್ಣನನ್ನು ಕೇಳುವುದು ಹೊಸದೇನಲ್ಲ. ಅವರು ಕೇಳಿ ನಗುವಾಗ ಲೋಹಿತಾ ಎಷ್ಟೋ ಸಲ ಒಳಗೊಳಗೇ ಹಿಗ್ಗಿದ್ದಳು. ಇವತ್ತಿನದು ಬೇರೆ. ಇವತ್ತಿನದನ್ನು ಅವಳು ನಿನ್ನೆ ರಾತ್ರಿಯೇ ಸಿಟ್ಟಿನಲ್ಲಿ ಬರೆದು ಹಾಕಿದ್ದಳು. ಅದರ ಕೊನೆಯಲ್ಲಿ ಯಾವ ಧಾರಾವಾಹಿಯಲ್ಲೂ ಬರದ ಒಂದು ಸಂಗತಿ ಇತ್ತು. ಅದು ನಿನ್ನೆ ಅವರದೇ ಅಡುಗೆಮನೆಯಲ್ಲಿ ನಡೆದದ್ದು. ಬೆಳಿಗ್ಗೆ ಅಳಿಸಿಬಿಡೋಣ ಎಂದು ಫೋನು ತೆಗೆದಿದ್ದಳು. ನೋಡಿದವರ ಸಂಖ್ಯೆ ಸರಸರ ಏರುತ್ತಿತ್ತು. ಆಮೇಲೆ ನೋಡಿದರಾಯಿತು ಎಂದು ಚೀಲಕ್ಕೆ ಹಾಕಿಕೊಂಡುಬಿಟ್ಟಿದ್ದಳು.

ಮೊದಲು ‘ಒಂದೇ ಸೂರು’ ರಿಯಾಲಿಟಿ ಶೋ ಬರುತ್ತದೆ. ಆಮೇಲೆ ಹಾಡಿನ ಶೋ. ಆಮೇಲೆ ‘ಅರಿಶಿನ ಗೆರೆ’ ಧಾರಾವಾಹಿ. ಅದರ ಬಾಲಕ್ಕೆ ಅಂಟಿಕೊಂಡು ನಿನ್ನೆಯ ಆ ಲೋಟದ ಸಂಗತಿ.

“‘ಒಂದೇ ಸೂರು’ ಮನೆಯೊಳಗೆ ಹದಿನೈದು ಜನರನ್ನು ಕೂಡಿಹಾಕಿದ್ದಾರೆ,” ಎನ್ನುತ್ತಿದ್ದ ರುದ್ರಣ್ಣ. “ಅವರಿಗೆ ಕೆಲಸವಿಲ್ಲ, ಸಂತೆಯಿಲ್ಲ, ನೆಂಟರಿಲ್ಲ. ಒಂದು ಮೊಟ್ಟೆಗೆ ಒಂದು ವಾರ ಜಗಳ. ನಾನು ಹೇಳುವುದಿಷ್ಟೆ. ಅಳುವವರನ್ನು ಗೆಲ್ಲಿಸಬೇಡಿ. ಕ್ಯಾಮೆರಾ ಎಲ್ಲಿದೆ ಅಂತ ನೋಡಿಕೊಂಡು ಅಳುತ್ತಾರೆ ಅವರು. ನನ್ನ ಓಟು, ಯಾರಿಗೂ ಹೇಳದೆ ಎಲ್ಲರ ಪಾತ್ರೆ ತೊಳೆಯುವ ಆ ಕನ್ನಡಕದ ಹುಡುಗಿಗೆ.”

“ನಾನೂ ಅವ್ಳಿಗೇ ಒತ್ತಿದ್ದು ಕಣ್ರಮ್ಮ!” ಎಂದಳು ರಾಧಾಮಣಿ.

“ಏ, ಅವ್ಳೇನ್ ಮಾತಾಡ್ತಾಳೆ? ಬಾಯಿ ಹೊಲ್ಕೊಂಡವ್ಳೆ,” ಕರಿಬಸಮ್ಮ ಮೂಗು ಮುರಿದಳು. “ನಂಗೆ ಆ ಜಗಳಗಂಟಿನೇ ಇಷ್ಟ. ಅವ್ಳಿಲ್ಲ ಅಂದ್ರೆ ನಿದ್ದೆ ಬಂದ್ಬುಡ್ತದೆ.”

“ನಿಂಗೆ ಜಾಹೀರಾತು ಬಂದ್ರೂ ನಿದ್ದೆ ಬಂದ್ಬುಡ್ತದೆ. ಗೊರಕೆ ನಮ್ಮನೆ ತನ್ಕ ಕೇಳ್ಸುತ್ತೆ,” ಎಂದಳು ರಾಧಾಮಣಿ.

ಕಂಡಕ್ಟರ್ ಬಂದ. ಆಧಾರ್ ಕಾರ್ಡುಗಳತ್ತ ಕಣ್ಣು ಹಾಯಿಸಿ ಯಂತ್ರದಿಂದ ನಾಲ್ಕು ಉಚಿತ ಟಿಕೆಟ್ ಹರಿದು ಕೊಟ್ಟ. “ಸೌಂಡ್ ಕಮ್ಮಿ ಮಾಡ್ರಮ್ಮ. ಡ್ರೈವರಣ್ಣಾನೂ ‘ಅರಿಶಿನ ಗೆರೆ’ ನೋಡ್ತಾನೆ. ಕಥೆ ಇಲ್ಲೇ ಗೊತ್ತಾಗೋದ್ರೆ ಆಮೇಲೆ ಬ್ರೇಕ್ ಮೇಲೆ ಕೋಪ ತೀರಿಸ್ಕಂತಾನೆ.”

ಲೋಹಿತಾ ಆ ಮಾತಿಗೆ ಜೋತುಬಿದ್ದಳು. “ಹೌದು ರಾಧಕ್ಕ, ಆಫ್ ಮಾಡಿ. ದೇವಸ್ಥಾನಕ್ಕೆ ಹೋಗ್ತಾ ಇದೆಲ್ಲ ಯಾಕೆ?”

“ಅಯ್ಯೋ, ನಿಂಗೇನಾಯ್ತೇ ಇವತ್ತು? ದಿನಾ ‘ಏನಂದ ರಾಧಕ್ಕ ರುದ್ರಣ್ಣ’ ಅಂತ ಬಂದು ಕೇಳೋಳು ನೀನೇಯ!”

ನಾಗರತ್ನಮ್ಮ ತಲೆ ತಿರುಗಿಸಿ ಸೊಸೆಯ ಮುಖವನ್ನು ನೋಡಿದರು. ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದರು. “ಇರ್ಲಿ ಬುಡು. ಕೇಳಾನ,” ಎಂದರು.

ಹಾಡಿನ ಶೋ ಮುಗಿಯಿತು. ಮಗು ಪಲ್ಲವಿ ಮುಗಿಸುವ ಮೊದಲೇ ತೀರ್ಪುಗಾರರು ಕರ್ಚೀಪು ತೆಗೆಯುತ್ತಾರೆ, ಹಾಡಿಗಿಂತ ಹಾಡಿದವರ ಮನೆಯ ಹರಕು ಚಾಪೆಯನ್ನೇ ಜಾಸ್ತಿ ಹೊತ್ತು ತೋರಿಸುತ್ತಾರೆ ಎಂದು ರುದ್ರಣ್ಣ ಬೈದ. ಹೆಂಗಸರು ನಕ್ಕರು. ಲೋಹಿತಾ ಕಿಟಕಿಯಾಚೆ ನೋಡುತ್ತಿದ್ದಳು. ಬಂಡೆಗಳು, ಹುಣಸೆಮರಗಳು, ಮತ್ತೆ ಬಂಡೆಗಳು. ಬಸ್ಸು ಎಲ್ಲಾದರೂ ಕೆಟ್ಟು ನಿಲ್ಲಬಾರದೇ ಎನಿಸಿತು. ನಿಂತರೂ ಫೋನು ನಿಲ್ಲುವುದಿಲ್ಲವಲ್ಲ.

“ಕೊನೆಗೆ ‘ಅರಿಶಿನ ಗೆರೆ’. ಅಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸಿ ಎರಡು ವಾರವಾಯಿತು. ಲೋಟ ಇನ್ನೂ ಬಾಯಿಗೆ ಹೋಗಿಲ್ಲ. ಗುಡುಗು ಮೂರು ಸಲ, ಮುಖ ಮೂರು ಸಲ. ರೇಷ್ಮೆಸೀರೆ ಉಟ್ಟು ಮಲಗುವ ಆ ಮನೆಯಲ್ಲಿ, ಗುಟ್ಟು ಮಾತಾಡುವ ಮೊದಲು ಬಾಗಿಲು ಹಾಕುವವರು ಒಬ್ಬರೂ ಇಲ್ಲ. ಕಥೆ ಬರೆಯುವ ಸ್ವಾಮಿಗಳೇ, ನಿಜವಾದ ಅತ್ತೆಗೆ ವಿಷ ಬೇಕಾಗಿಲ್ಲ. ನನಗೆ ಗೊತ್ತಿರುವ ಒಂದು ಮನೆಗೆ ಸೊಸೆಯ ತಾಯಿ ಬಂದಳು. ಸೊಸೆ ಲೋಟ ತೊಳೆದು ನೀರು ತಂದುಕೊಟ್ಟಳು. ತಾಯಿ ಬಾಯಿಗಿಡುವ ಮೊದಲು ಅತ್ತೆ ಆ ಲೋಟ ಇಸಿದುಕೊಂಡಳು. ನೀರು ಚೆಲ್ಲಿದಳು. ಬೀಗಿತ್ತಿಯ ಕಣ್ಣೆದುರಿಗೇ ನಾರು ಹಾಕಿ ತಿಕ್ಕಿ, ಮತ್ತೆ ತೊಳೆದು, ಬೇರೆ ನೀರು ತುಂಬಿ ಕೊಟ್ಟಳು. ಒಂದು ಮಾತೂ ಆಡಲಿಲ್ಲ. ತಾಯಿ ಕುಡಿದಳು. ರಾತ್ರಿ ಇರುತ್ತೇನೆ ಅಂತ ಬಂದವಳು ಸಂಜೆಯ ಬಸ್ಸಿಗೇ ಎದ್ದು ಹೋದಳು. ಇದನ್ನು ತೋರಿಸಿ. ಗುಡುಗು ಬೇಡ.”

ವಿಡಿಯೊ ಮುಗಿಯಿತು. ಪರದೆಯ ಮೇಲೆ ಮೀಸೆಯ ರಿಮೋಟು ಹಾಗೇ ನಿಂತಿತು.

“ಅಯ್ಯಯ್ಯಪ್ಪ, ಬೀಗಿತ್ತಿ ಮುಂದೇನೇ?” ರಾಧಾಮಣಿ ಎದೆ ಮುಟ್ಟಿಕೊಂಡಳು. “ಎಂಥಾ ಹೆಂಗ್ಸು ಅವ್ಳು! ಬಯ್ದಿದ್ರೂ ತಡ್ಕೋಬೋದಾಗಿತ್ತು.”

“ಯಾರ ಮನೇದೋ ಏನೋ,” ಎಂದಳು ಕರಿಬಸಮ್ಮ. “ನಮ್ ರತ್ನಕ್ಕ ನೋಡು, ಸೊಸೆನ ಮಗಳಂಗೆ ಪಕ್ಕದಾಗೆ ಕೂರಿಸ್ಕೊಂಡು ಕರ್ಕೊಂಡೋಗ್ತಾಳೆ.”

ನಾಗರತ್ನಮ್ಮ ಚೀಲವನ್ನು ಮಡಿಲಿಗೆ ಒತ್ತಿಕೊಂಡರು. ಚೀಲದ ಹಿಡಿಯ ಸುತ್ತ ಅವರ ಬೆರಳುಗಳು ಬಿಳಿಚಿಕೊಂಡಿದ್ದವು. ಲೋಹಿತಾ ಕಿಟಕಿಯತ್ತ ತಿರುಗಿ ಲೆಕ್ಕ ಹಾಕಿದಳು. ಲೋಟಗಳು ಎಲ್ಲರ ಮನೆಯಲ್ಲೂ ಇವೆ. ತಾಯಂದಿರು ಎಲ್ಲ ಸೊಸೆಯರಿಗೂ ಇದ್ದಾರೆ. ಆದರೆ ನಿನ್ನೆ ಕಳ್ಳಂಬೆಳ್ಳದಿಂದ ಬಂದು, ನಿನ್ನೆಯೇ ಸಂಜೆಯ ಬಸ್ಸು ಹತ್ತಿ ಹೋದವಳು ತನ್ನ ತಾಯಿ ಒಬ್ಬಳೇ.

“ರಾಧಾ, ಇದ್ರ ಕೆಳ್ಗೆ ಏನಾರ ಬರೀಬೋದಂತಲ್ಲ?” ನಾಗರತ್ನಮ್ಮನ ದನಿ ತೀರ ಸಾಧಾರಣವಾಗಿತ್ತು.

“ಕಾಮೆಂಟಾ? ಬರೀಬೋದು ರತ್ನಕ್ಕ. ತಗಾ, ನನ್ ಫೋನ್ನಾಗೇ ಒತ್ಲಿ ಲೋಹಿತಾ.”

“ನನ್ ಮಾತು ನಿನ್ ಹೆಸ್ರಲ್ಲಿ ಯಾಕೆ? ನಮ್ಮನೆ ಫೋನಿಂದಾನೇ ಹೋಗ್ಲಿ.” ಸೊಸೆಯ ಕಡೆ ತಿರುಗಿದರು. “ತೆಗಿ.”

“ನೆಟ್‌ವರ್ಕ್ ಇಲ್ಲ ಅತ್ತೆ ಇಲ್ಲಿ.”

“ನಂಗೆ ಬತ್ತಾ ಐತಲ್ಲ,” ಎಂದಳು ರಾಧಾಮಣಿ. “ನೋಡು, ಎರಡು ಕಡ್ಡಿ.”

ಲೋಹಿತಾ ಫೋನು ತೆಗೆದಳು. ಅವಳ ಫೋನು ಸದಾ ರುದ್ರಣ್ಣನ ಹೆಸರಿನಲ್ಲೇ ತೆರೆದಿರುತ್ತಿತ್ತು. ಹೆಸರು ಬದಲಿಸದೆ ಏನು ಬರೆದರೂ ರುದ್ರಣ್ಣ ತನಗೆ ತಾನೇ ಬರೆದುಕೊಂಡ ಹಾಗೆ ಕಾಣುತ್ತದೆ, ಮೀಸೆಯ ಸಮೇತ. ಬದಲಿಸುವುದು ಎರಡು ಗಳಿಗೆಯ ಕೆಲಸ. ಆದರೆ ಅತ್ತೆ ಕನ್ನಡಕ ಏರಿಸಿಕೊಂಡು ಪರದೆಯ ಮೇಲೇ ಬಾಗಿದ್ದರು. ಅವರ ತಲೆಗೂದಲಿನ ಕೊಬ್ಬರಿಎಣ್ಣೆಯ ವಾಸನೆ ಲೋಹಿತಾಳ ಮೂಗಿಗೆ ಬಡಿಯುತ್ತಿತ್ತು. ಫೋನನ್ನು ಕಿಟಕಿಯ ಕಡೆ ವಾಲಿಸಿದಳು. ಅತ್ತೆಯೂ ವಾಲಿದರು.

“ಬರಿ. ರುದ್ರಣ್ಣಾರೇ, ನೀವು ಗಂಡಸ್ರು. ಆ ಅಡಿಗೆಮನೇಲಿ ನೀವೆಲ್ಲಿ ಕೂತಿದ್ರಿ?”

ಲೋಹಿತಾ ಒತ್ತಿದಳು.

“ಲೋಟ ತೊಳೆದಿದ್ದು ಕಂಡ ನಿಮ್ಗೆ ಬೇರೇದು ಕಾಣ್ಲಿಲ್ವಾ? ಹದಿನೈದು ದಿನದಿಂದ ಆ ಸೊಸೆ ಅತ್ತೆ ಹತ್ರ ‘ಹೂಂ’, ‘ಉಹೂಂ’ ಬಿಟ್ರೆ ಮಾತಾಡಿರ್ಲಿಲ್ಲ. ತಾಯಿ ಬಂದಿದ್ದೇ ತಡ, ಅಡಿಗೆಮನೆ ತುಂಬ ನಗು. ಅತ್ತೆ ಒಳಗೆ ಕಾಲಿಟ್ಟಳು, ನಗು ನಿಂತೋಯ್ತು. ಅದನ್ನೂ ಬರೀರಿ.”

ಲೋಹಿತಾಳ ಹೆಬ್ಬೆರಳು ನಿಂತಿತು. ಹೌದು, ನಿಂತಿತ್ತು ನಗು. ಅಮ್ಮ ಯಾವುದೋ ಹಳೆಯ ಮದುವೆಯ ಫಜೀತಿ ಹೇಳುತ್ತಿದ್ದಳು. ಅತ್ತೆಯನ್ನು ಕಂಡೊಡನೆ ಇಬ್ಬರೂ ಬಾಯಿ ಮುಚ್ಚಿದ್ದರು.

“ಅಲ್ಲ ರತ್ನಕ್ಕ,” ರಾಧಾಮಣಿ ಹುಬ್ಬು ಗಂಟಿಕ್ಕಿದಳು, “ಅಡಿಗೆಮನೇಲಿ ನಕ್ರು ಅಂತ ನಿಂಗೆಂಗೆ ಗೊತ್ತು? ರುದ್ರಣ್ಣ ಹೇಳ್ಲೇ ಇಲ್ವಲ್ಲ?”

ಇಂಜಿನ್ನಿನ ಸದ್ದು ಒಮ್ಮೆಲೇ ಜಾಸ್ತಿಯಾದಂತಾಯಿತು.

“ಏನೋ ಅಂಗೇ ಇರ್ಬೋದು ಅಂದ್ಕೊಂಡೆ,” ಎಂದರು ನಾಗರತ್ನಮ್ಮ. ಕಿವಿಯ ತುದಿ ಕೆಂಪಾಗಿತ್ತು.

“ನೀನೇ ಸೀರಿಯಲ್ ಬರೀಬೇಕಿತ್ತು ಬುಡು,” ಎಂದು ಕರಿಬಸಮ್ಮ ನಕ್ಕಳು.

ನಾಗರತ್ನಮ್ಮ ನಗಲಿಲ್ಲ. ಅವರ ಕಣ್ಣು ಸೊಸೆಯ ಫೋನಿನಲ್ಲಿ, ಬರೆದ ಸಾಲುಗಳ ಎಡಕ್ಕಿದ್ದ ಪುಟ್ಟ ದುಂಡನೆಯ ಚಿತ್ರದ ಮೇಲೆ ನೆಟ್ಟಿತು. ಅಲ್ಲಿಂದ ನಿಧಾನವಾಗಿ ಎದ್ದು ರಾಧಾಮಣಿಯ ಫೋನಿಗೆ ಹೋಯಿತು. ಅದೇ ರಿಮೋಟು, ಅದೇ ಮೀಸೆ. ಮತ್ತೆ ಹಿಂದಕ್ಕೆ ಬಂತು. ಅನುಮಾನ ಅವರಿಗೆ ಮೊದಲೇ ಇತ್ತು. ಈಗ ಅದು ಕಣ್ಣಿಗೆ ಬಿತ್ತು.

“ಒತ್ತಿದ್ಯಾ? ಬರ್ಲಿಲ್ವಲ್ಲ ಇನ್ನೂವೆ,” ರಾಧಾಮಣಿ ತನ್ನ ಪರದೆಯನ್ನು ಕೆಳಗೆಳೆದು ಎಳೆದು ನೋಡುತ್ತಿದ್ದಳು.

ಲೋಹಿತಾಳ ಬೆರಳು ಕಳಿಸುವ ಗುರುತಿನ ಮೇಲೆ, ಕೂದಲೆಳೆಯಷ್ಟು ದೂರದಲ್ಲಿತ್ತು. ಒತ್ತಿದರೆ ರುದ್ರಣ್ಣ ಯಾರೆಂಬುದು ಬಯಲಾಗಿ ಫೋನು ಬೀರುವಿಗೆ ಹೋಗುತ್ತದೆ, ಅನುಮಾನವಿಲ್ಲ. ಒತ್ತಿದರೆ, ಲೋಟ ತೊಳೆದ ಅತ್ತೆ ಯಾರೆಂಬುದೂ ರಾಧಾಮಣಿಯ ಬಾಯಿಂದ ಸಂಜೆಯೊಳಗೆ ಬೀದಿಯ ಕೊನೆಯ ಮನೆ ಮುಟ್ಟುತ್ತದೆ. ಇದನ್ನು ಅವಳು ಯೋಚಿಸಿ ಮುಗಿಸುವಷ್ಟರಲ್ಲಿ ಅತ್ತೆಯ ಮುಖದಲ್ಲೂ ಅದೇ ಯೋಚನೆ ಓಡುತ್ತಿರುವುದು ಕಂಡಿತು. ತಾನು ಈ ಮನೆಗೆ ಬಂದ ಮೇಲೆ ಅತ್ತೆ ಹೆದರಿದ್ದನ್ನು ಅವಳು ನೋಡಿದ್ದು ಇದೇ ಮೊದಲು. ಅದರಿಂದ ಖುಷಿಯಾಗಲಿಲ್ಲ. ಬೆರಳನ್ನು ಹಿಂದಕ್ಕೂ ತೆಗೆಯಲಿಲ್ಲ.

ನಾಗರತ್ನಮ್ಮನ ಕೈ ಸೊಸೆಯ ಮಣಿಕಟ್ಟಿನ ಮೇಲೆ ಬಿತ್ತು. ಬಳೆಗಳು ಚರ್ಮಕ್ಕೆ ಒತ್ತಿದವು.

“ಬ್ಯಾಡ. ಅಳಿಸು.”

“ಯಾಕ್ ರತ್ನಕ್ಕ, ಅಷ್ಟ್ ಚೆನ್ನಾಗ್ ಹೇಳ್ದೆ!”

“ಕಂಡೋರ ಮನೆ ಗಲೀಜು ನಮಗ್ಯಾಕೆ ಬುಡು. ದೇವರಿಗೆ ಹೊರಟಿದೀವಿ.”

ಲೋಹಿತಾ ಒಂದೊಂದೇ ಅಕ್ಷರ ಅಳಿಸಿದಳು. ಒಟ್ಟಿಗೇ ಅಳಿಸಬಹುದಿತ್ತು. ಹಾಗೆ ಮಾಡಲಿಲ್ಲ. ‘ನಗು’ ಎಂಬಲ್ಲಿ ಅತ್ತೆ ಮುಖ ಬೇರೆ ಕಡೆ ತಿರುಗಿಸಿದರು. ಆಮೇಲೆ ಕೊರಟಗೆರೆ ಬಂದು ಹೋಯಿತು.

ಗೊರವನಹಳ್ಳಿಯಲ್ಲಿ ಇಳಿದಾಗ ಸರದಿಯ ಸಾಲು ಆಗಲೇ ಬೀದಿಗೆ ಬಂದಿತ್ತು. ರಾಧಾಮಣಿ, ಕರಿಬಸಮ್ಮ ಹೂವು ತರಲು ಅಂಗಡಿಗೆ ಹೋದರು. ಚಪ್ಪಲಿ ಬಿಡುವ ಜಾಗದಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು. ನಾಗರತ್ನಮ್ಮ ಸುತ್ತ ಒಮ್ಮೆ ನೋಡಿ, ಅಂಗೈ ಮುಂದೆ ಚಾಚಿದರು.

“ಕೊಡು ಫೋನು.”

“ಕೊಡಲ್ಲ ಅತ್ತೆ.”

ತನ್ನ ಬಾಯಿಂದ ಅದು ಬಂದದ್ದು ಲೋಹಿತಾಳಿಗೇ ನಂಬಿಕೆಯಾಗಲಿಲ್ಲ.

“ಒಂದ್ ವರ್ಷದಿಂದ ನನ್ ಮನೇಲೇ ಕೂತ್ಕೊಂಡು ನನ್ ವಿಷ್ಯ ಊರಿಗೆಲ್ಲ ಹೇಳಿದೀಯಾ?”

“ನಿಮ್ಮ ವಿಷಯ ಹೇಳಿದ್ದು ಇದೊಂದೇ ಸಲ. ಬೇಕಾದ್ರೆ ಹಳೇವೆಲ್ಲ ಕೇಳಿ ನೋಡಿ.”

“ಕೇಳಿದೀನಿ,” ಎಂದರು ನಾಗರತ್ನಮ್ಮ. ಅಂದ ಮೇಲೆ ತುಟಿ ಕಚ್ಚಿಕೊಂಡರು.

ಲೋಹಿತಾ ಫೋನು ತೆರೆದು, ಬಸ್ಸಿನಲ್ಲಿ ಕೇಳಿದ ವಿಡಿಯೊ ಹುಡುಕಿ, ಅಳಿಸುವ ಗುರುತನ್ನು ಒತ್ತಿದಳು. ನಿಜವಾಗಿಯೂ ಅಳಿಸಬೇಕೇ ಎಂದು ಫೋನು ಕೇಳಿತು. ಅದನ್ನು ಅತ್ತೆಯ ಕಣ್ಣಿಗೆ ಹಿಡಿದಳು.

“ಇದನ್ನ ತೆಗೀತೀನಿ. ಇನ್ನು ನಮ್ಮನೆ ಮಾತು ಇದ್ರಲ್ಲಿ ಬರಲ್ಲ. ಅಮ್ಮ ಬಂದಾಗ ನಿಮ್ಮನ್ನ ಕಂಡು ನಗು ನಿಲ್ಲಿಸಿದ್ದು ನಂದು ತಪ್ಪು. ಆದ್ರೆ ಅವಳು ಇನ್ನೊಂದು ಸಲ ಬಂದಾಗ ನಾನು ಕೊಟ್ಟ ಲೋಟದಲ್ಲೇ ನೀರು ಕುಡೀಬೇಕು. ರುದ್ರಣ್ಣಾನೂ ಇರ್ತಾನೆ.”

ಹಿಂದಿನಿಂದ ಯಾರೋ ಸರಿಯಿರಿ ಸರಿಯಿರಿ ಎಂದು ತಳ್ಳಿಕೊಂಡು ಹೋದರು. ನಾಗರತ್ನಮ್ಮ ಅಲುಗಲಿಲ್ಲ. ದೂರದಲ್ಲಿ ರಾಧಾಮಣಿ ಹೂವಿನವಳ ಜೊತೆ ಜಗಳವಾಡಿ ಮುಗಿಸಿ ಇತ್ತಲೇ ಬರುತ್ತಿದ್ದಳು. ನಾಗರತ್ನಮ್ಮ ಅವಳನ್ನು ನೋಡಿದರು, ಪರದೆಯನ್ನು ನೋಡಿದರು.

“ಕುಡೀಲಿ,” ಎಂದರು ಹಲ್ಲುಗಳ ನಡುವಿನಿಂದ.

ಲೋಹಿತಾ ಒತ್ತಿದಳು. ವಿಡಿಯೊ ಹೋಯಿತು. ಅತ್ತೆಯ ಅಂಗೈ ಮಾತ್ರ ಇನ್ನೂ ಚಾಚಿಯೇ ಇತ್ತು. ಅವಳು ಫೋನನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ಸಾಲಿನ ಕಡೆ ನಡೆದಳು.

“ತಗಾ ರತ್ನಕ್ಕ,” ಎನ್ನುತ್ತ ಬಂದ ರಾಧಾಮಣಿ ಆ ಚಾಚಿದ ಕೈಯಲ್ಲಿ ಎರಡು ತಾವರೆ ಮೊಗ್ಗು ಇಟ್ಟಳು.