ಬುಧವಾರದ ಪ್ರಾರ್ಥನಾ ವಿಷಯ

ಟೀ ಆರುತ್ತಿತ್ತು. ಗಂಡ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬ್ರೆಡ್ಡಿಗೆ, ಬೆಣ್ಣೆಗೆ, ರಾತ್ರಿಯ ನಿದ್ದೆಗೆ, ಹಾಸ್ಟೆಲಿನಲ್ಲಿರುವ ಮಗಳ ಆರೋಗ್ಯಕ್ಕೆ ಸ್ತೋತ್ರ ಹೇಳಿ ಮುಗಿದ ಮೇಲೂ ಅವನ ದನಿ ನಿಲ್ಲದಿದ್ದಾಗ ಅವಳಿಗೆ ಅನುಮಾನ ಬಂತು. ಮುಖ ನೋಡಿ ಹೇಳಲಾಗದ ಮಾತನ್ನೆಲ್ಲ ದೇವರಿಗೆ ಹೇಳಿ ಅವಳ ಕಿವಿಗೆ ಬೀಳಿಸುವುದು ಅವನ ಹಳೇ ಅಭ್ಯಾಸ. ಅತ್ತೆ ಬಂದು ಮೂರು ತಿಂಗಳು ಇರುತ್ತಾರೆ ಅನ್ನುವುದು, ಅವಳ ಅಣ್ಣನಿಗೆ ಸ್ಕೂಟರ್ ಕೊಡಲು ತನಗೆ ಇಷ್ಟವಿಲ್ಲ ಅನ್ನುವುದು, ಎಲ್ಲ ಅವಳಿಗೆ ಗೊತ್ತಾಗಿದ್ದು ಹೀಗೆಯೇ.

"ತಂದೆಯೇ, ಈ ದಾಸನನ್ನು ನೀನು ಪೂರ್ಣಕಾಲದ ಸೇವೆಗೆ ಕರೆದಿದ್ದೀ. ಲಾಂಡ್ರಿಯ ಕೆಲಸದಿಂದ ನನ್ನನ್ನು ಸುಸೂತ್ರವಾಗಿ ಬಿಡಿಸು. ನನ್ನ ಹೆಂಡತಿ ಹಲ್ಲಿನ ಲ್ಯಾಬಿನಲ್ಲಿ ಪೂರ್ತಿ ದಿನದ ಕೆಲಸಕ್ಕೆ ಒಪ್ಪಿಕೊಳ್ಳುವಂತೆ ಅವಳ ಹೃದಯವನ್ನು ಮೃದುಮಾಡು. ಆಮೆನ್."

ಕಣ್ಣು ಬಿಟ್ಟು, ಏನೂ ನಡೆದೇ ಇಲ್ಲ ಎಂಬಂತೆ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದ. ಮೂಲೆ ಮೂಲೆಗೂ ಸವರಿದ.

"ಈಗ ಹೇಳಿದ್ದು ದೇವರಿಗೋ ನನಗೋ?" ಅವಳು ಕೇಳಿದಳು.

"ದೇವರಿಗೇ. ನಿನಗೂ ತಿಳಿದಿರ್ಲಿ ಅಂತ."

"ದೇವರು ಏನಂದ?"

"ಲೇವಡಿ ಬೇಡ. ಹೋದ ತಿಂಗಳು ಶಿಬಿರಕ್ಕೆ ಹೋಗಿದ್ನಲ್ಲ, ಅಲ್ಲೇ ಎಲ್ಲ ಸ್ಪಷ್ಟ ಆಯ್ತು."

ಆ ಶಿಬಿರಕ್ಕೆ ಅವಳೂ ಹೋಗಿದ್ದಳು. 'ವಿಶ್ವಾಸದಿಂದ ಉದ್ಯೋಗ ಬಿಡುವುದು ಹೇಗೆ' ಎಂದು ಇಡೀ ದಿನ ಬೋಧಿಸಿದ ಮನುಷ್ಯ ಬಿಳಿ ಬೂಟು ಹಾಕಿದ್ದ. ಅವನ ಮಾವನಿಗೆ ಪೇಟೆಯಲ್ಲಿ ಸಾಲು ಅಂಗಡಿಗಳಿದ್ದವು. ಈ ವಿಷಯವನ್ನು ಅವನು ಬೋಧನೆಯಲ್ಲಿ ಹೇಳಲಿಲ್ಲ. ಊಟದ ಸಾಲಿನಲ್ಲಿ ನಿಂತಿದ್ದಾಗ ಅವನ ಹೆಂಡತಿ ಬಾಯಿತಪ್ಪಿ ಹೇಳಿದ್ದಳು. ಇವಳು ಅದನ್ನು ಎತ್ತಿಟ್ಟುಕೊಂಡಿದ್ದಳು. ಇಂಥವನ್ನು ಎತ್ತಿಟ್ಟುಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಗಂಡನ ಯೋಜನೆ ಬಹಳ ನಾಜೂಕಾಗಿತ್ತು. ಆಸ್ಪತ್ರೆಗಳ ಹಾಸು ಹೊದಿಕೆ ಒಗೆಯುವ ಆ ದೊಡ್ಡ ಲಾಂಡ್ರಿಯಲ್ಲಿ ಅವನು ಬೆಳಗಿನ ಪಾಳಿಯ ಸೂಪರ್‌ವೈಸರ್. ವರ್ಷದ ಕೊನೆಗೆ ಬೋನಸ್ ಕೈಗೆ ಬಂದ ಮೇಲೆ ಮಾಲೀಕರ ಹತ್ತಿರ ಮೆಲ್ಲಗೆ ಮಾತೆತ್ತುವುದು. ಮೊದಲು ಅರ್ಧ ದಿನ, ಆಮೇಲೆ ವಾರಕ್ಕೆ ಕೆಲವೇ ದಿನ, ಆಮೇಲೆ ಸುಮ್ಮನೆ ಸಲಹೆಗಾರ. ಆಸ್ಪತ್ರೆಯ ವಿಮೆ ಮಾತ್ರ ಕೊನೆಯ ತನಕ ಇರಬೇಕು. ಅಷ್ಟರಲ್ಲಿ ತಾವು ಹೋಗುವ ಕ್ರೈಸ್ತ ಸಭೆಯಲ್ಲಿ ಪಾಸ್ಟರ್ ಪಕ್ಕದ ಕುರ್ಚಿ ತನಗೆ ಸಿಕ್ಕಿರುತ್ತದೆ, ಮನೆ ಖರ್ಚು ಹೆಂಡತಿಯ ಹಲ್ಲಿನ ಲ್ಯಾಬು ನೋಡಿಕೊಳ್ಳುತ್ತದೆ.

"ಬಲೆ ಬಿಟ್ಟು ಕರ್ತನ ಹಿಂದೆ ಹೋದ ಮೀನುಗಾರರು ಬೋನಸ್ ಬರೋ ತನಕ ದಡದಲ್ಲಿ ಕಾದಿದ್ರಾ?" ಅಂದಳು.

"ಅವರ ಕಾಲ ಬೇರೆ," ಅಂದ ಅವನು, ಗಂಭೀರವಾಗಿ.

ಅವಳಿಗೆ ನಗುವೂ ಬಂತು, ಭಯವೂ ಆಯಿತು. ಲ್ಯಾಬಿನಲ್ಲಿ ಅವಳದು ಅರ್ಧ ದಿನದ ಕೆಲಸ. ಬಾಯಲ್ಲಿ ಹಲ್ಲಿಲ್ಲದವರಿಗೆ ಕಟ್ಟುವ ಹಲ್ಲುಸೆಟ್ಟುಗಳನ್ನು ಉಜ್ಜಿ ಹೊಳಪು ಕೊಡುವುದು. ತಿರುಗುವ ಚಕ್ರಕ್ಕೆ ಗುಲಾಬಿ ಬಣ್ಣದ ವಸಡು ಒಡ್ಡಿ ಒಡ್ಡಿ ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಾಗಿ, ಮಣಿಕಟ್ಟು ಬಿಗಿದುಕೊಳ್ಳುತ್ತಿತ್ತು. ಮನೆಗೆ ಬಂದು, ಕಿಟಕಿಯ ಕೆಳಗೆ ಬರೀ ನೆಲದ ಮೇಲೆ ಮಲಗಿ, ರೇಡಿಯೋವನ್ನು ಸಣ್ಣಗೆ ಹಾಕಿಕೊಳ್ಳುತ್ತಿದ್ದಳು. ಮದುವೆಯಾದಾಗಿನಿಂದ ಅವಳದು ಅಂತ ಇದ್ದದ್ದು ಆ ಮಧ್ಯಾಹ್ನವೊಂದೇ. ಅದನ್ನೇ ಇವನು ದೇವರ ಹತ್ತಿರ ಕೇಳುತ್ತಿದ್ದಾನೆ. ಅವಳನ್ನು ಕೇಳಿದ್ದರೆ ಇಲ್ಲ ಅನ್ನಬಹುದಿತ್ತು. ದೇವರು ಇಲ್ಲ ಅನ್ನುವುದನ್ನು ಯಾರು ಕೇಳಿದ್ದಾರೆ?

ಅಂದಿನಿಂದ ದಿನಾ ಬೆಳಿಗ್ಗೆ ಅವಳ ಹೃದಯ ಮೃದುವಾಗಲೆಂದು ಪ್ರಾರ್ಥನೆ ನಡೆಯತೊಡಗಿತು. ಜಗಳವಾಡೋಣವೆಂದರೆ ಅವನು ಜಗಳಕ್ಕೆ ಸಿಕ್ಕುತ್ತಿರಲಿಲ್ಲ. "ನಾನೇನೂ ಬಲವಂತ ಮಾಡ್ತಿಲ್ಲಪ್ಪ, ಕರ್ತನು ಮಾತಾಡ್ಲಿ" ಎಂದು ಮುಗುಳ್ನಗುತ್ತಿದ್ದ. ಆ ಮುಗುಳ್ನಗೆಯನ್ನು ಅವನು ಶಿಬಿರದಿಂದ ತಂದಿದ್ದ. ಮೊದಲು ಅವನಿಗೆ ಹಾಗೆ ನಗಲು ಬರುತ್ತಿರಲಿಲ್ಲ.

ಬುಧವಾರ ಹೆಂಗಸರ ಪ್ರಾರ್ಥನಾ ಕೂಟ. ಅದು ನಡೆಯುತ್ತಿದ್ದುದು ಲಾಂಡ್ರಿ ಮಾಲೀಕರ ಮನೆಯಲ್ಲಿ. ಮಾಲೀಕರ ಹೆಂಡತಿಯನ್ನು ಸಭೆಯವರೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಅವರ ಹಾಲ್‌ನಲ್ಲಿ ಸೋಫಾಗಳಿಗೆ ಬಿಳಿ ಹೊದಿಕೆ ಹಾಕಿತ್ತು. ಎಲ್ಲಿ ಕೂತರೂ ಅದು ಸರಿದು, ಕೂತವರು ಏನೋ ತಪ್ಪು ಮಾಡಿದಂತೆ ಎದ್ದು ಎಳೆದು ಸರಿಮಾಡಬೇಕಾಗುತ್ತಿತ್ತು. ಹಾಡು ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ಪ್ರಾರ್ಥನಾ ವಿಷಯ ಹೇಳಬೇಕು. ಕೂಟದ ನಿಜವಾದ ಆಕರ್ಷಣೆ ಅದೇ. ಹಾಡಿನ ಹೊತ್ತಿಗೆ ತೂಕಡಿಸುತ್ತಿದ್ದವರೂ ಆಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಹೀಗೆ ಯಾರ ಅಳಿಯ ಕುಡಿಯುತ್ತಾನೆ, ಯಾರ ಮಗಳು ಮನೆಗೆ ವಾಪಸ್ಸು ಬಂದಿದ್ದಾಳೆ ಎಂಬುದೆಲ್ಲ ಪ್ರಾರ್ಥನೆಯ ಹೆಸರಿನಲ್ಲಿ ಮನೆ ಮನೆ ಸುತ್ತುತ್ತಿತ್ತು. ಚಾಡಿ ಎಂದರೆ ಪಾಪ. ಭಾರ ಹಂಚಿಕೊಳ್ಳುವುದೆಂದರೆ ಪುಣ್ಯ.

ಅವಳು ಈ ಕೂಟದಲ್ಲಿ ಯಾವತ್ತೂ "ಕೆಮ್ಮು ಕಡಿಮೆಯಾಗಲಿ" ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಿದವಳಲ್ಲ. ಈ ಸಲ ಬರುವಾಗ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ದೊಡ್ಡಕ್ಕನ ಕಿವಿಗೆ ಬಿದ್ದದ್ದು ಅವತ್ತೇ ಸಂಜೆ ಮಾಲೀಕರ ಕಿವಿಗೆ ಬೀಳುತ್ತದೆ. ಮಾಲೀಕರು ಗಂಡನನ್ನು ಕರೆಸುತ್ತಾರೆ. 'ಏನಯ್ಯಾ, ನೀನಿಲ್ಲದೆ ಬೆಳಗಿನ ಪಾಳಿ ನಡೆಯುತ್ತಾ?' ಎಂದು ಗದರಿ ಬೆನ್ನು ತಟ್ಟುತ್ತಾರೆ. ಬೆನ್ನು ತಟ್ಟಿಸಿಕೊಂಡರೆ ಇವನಿಗೆ ದೇವರ ಕರೆ ಇನ್ನೊಂದಿಷ್ಟು ವರ್ಷ ಕೇಳಿಸುವುದಿಲ್ಲ. ಗಂಡ ಯಾವುದಕ್ಕೆ ಕರಗುತ್ತಾನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಏನಮ್ಮಾ, ಇನ್ನೂ ಕೆಮ್ಮು ಹೋಗಿಲ್ವಾ?" ಎಂದರು ದೊಡ್ಡಕ್ಕ, ಅವಳ ಸರದಿ ಬಂದಾಗ. ಒಂದಿಬ್ಬರು ನಕ್ಕರು.

"ಕೆಮ್ಮಲ್ಲ ದೊಡ್ಡಕ್ಕ. ನಮ್ಮನೆಯವರ ವಿಷಯ." ತಲೆ ತಗ್ಗಿಸಿದಳು. ದನಿ ತಾನಾಗಿಯೇ ನಡುಗಿದ್ದು ನೋಡಿ ಅವಳಿಗೇ ಆಶ್ಚರ್ಯವಾಯಿತು. "ಸೇವೆಗೆ ಹೋಗ್ಬೇಕು ಅಂತ ಅವರ ಮನಸ್ಸಲ್ಲಿದೆ. ಕೆಲಸ ಬಿಡೋ ಯೋಚನೆ ಮಾಡ್ತಿದಾರೆ. ದೇವರ ಚಿತ್ತ ಏನು ಅಂತ ತಿಳೀಲಿ ಅಂತ ಪ್ರಾರ್ಥನೆ ಮಾಡಿ. ಇದು ಇಲ್ಲಿಗೇ ಇರ್ಲಿ, ದಯವಿಟ್ಟು."

"ಅಯ್ಯೋ, ನಮ್ಮಲ್ಲೇ ಇರುತ್ತೆ," ಎಂದರು ಪಾಸ್ಟರಮ್ಮ, ಕೈಚೀಲದಲ್ಲಿ ಫೋನು ಹುಡುಕುತ್ತ.

ದೊಡ್ಡಕ್ಕ ಅವಳ ಕೈಹಿಡಿದು, ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಉದ್ದವಾಗಿ ಪ್ರಾರ್ಥಿಸಿದರು.

ಶುಕ್ರವಾರ ಅವಳು ಕಿಟಕಿಯ ಕೆಳಗೆ ಮಲಗಿದ್ದಾಗ ಬಾಗಿಲ ಬೀಗ ತಿರುಗಿತು. ಆ ಹೊತ್ತಿಗೆ ಯಾವತ್ತೂ ಬರದ ಗಂಡ ಬಂದು ನಿಂತಿದ್ದ. ಮೈಯಿಂದ ಬ್ಲೀಚಿನ ವಾಸನೆ ಬರುತ್ತಿತ್ತು. ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ಪೊಟ್ಟಣ.

"ಬೈಬಲ್ಲು," ಅಂದ. "ಚರ್ಮದ ರಟ್ಟು. ಅಂಚಿಗೆಲ್ಲ ಚಿನ್ನದ ಬಣ್ಣ. ಮಾಲೀಕರು ಕೊಟ್ರು."

"ಮನೇಲಿ ಇರೋದು ಸಾಲ್ದಾ? ಯಾಕೆ ಕೊಟ್ರು?"

ಅವನು ಶೂ ಬಿಚ್ಚಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತ. "ಬೀಳ್ಕೊಡುಗೆ."

ಅವಳು ರೇಡಿಯೋ ಆರಿಸಿದಳು.

"ಕ್ಯಾಂಟೀನಿಗೆ ಎಲ್ಲರನ್ನೂ ಕರೆಸಿದ್ರು. ಕೇಕು ತಂದಿಟ್ಟಿದ್ರು. ದೇವರ ಕೆಲಸಕ್ಕೆ ಹೊರಟವನನ್ನ ನಾನು ಹಿಡಿದಿಟ್ಕೊಂಡ್ರೆ ನನ್ನ ಕುಟುಂಬಕ್ಕೆ ಒಳ್ಳೇದಾಗಲ್ಲ ಅಂದ್ರು. ಇವತ್ತಿಂದಲೇ ನೀನು ಸ್ವತಂತ್ರ ಅಂದ್ರು. ಅವರಕ್ಕನ ಮಗ ಅಲ್ಲೇ ನಿಂತಿದ್ದ. ಅವನಿಗೆ ಬೀಗದ ಕೈ ಕೊಡು ಅಂದ್ರು."

"ನೀವು ಏನಂದ್ರಿ?"

"ಅರ್ಧ ದಿನದ ವಿಷಯ ಹೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವರು ಪ್ರಾರ್ಥನೆ ಶುರು ಮಾಡಿಬಿಟ್ರು. ಪ್ರಾರ್ಥನೆ ಮಧ್ಯೆ ಹೇಗೆ ಬಾಯಿ ಹಾಕೋದು?"

"ಮುಗಿದ ಮೇಲೆ?"

"ಮುಗಿದ ಮೇಲೆ ಎಲ್ಲರೂ ಆಮೆನ್ ಅಂದ್ರು."

"ನೀವು?"

ಅವನು ಪೊಟ್ಟಣದ ಕಾಗದವನ್ನು ಹರಿಯದ ಹಾಗೆ ಬಿಡಿಸುತ್ತಿದ್ದ. "ನಾನೂ ಅಂದೆ."

ಅಷ್ಟು ವರ್ಷದ ಕೆಲಸವನ್ನು ಒಂದು 'ಆಮೆನ್'ಗೆ ಬಿಟ್ಟುಬಂದ ಮನುಷ್ಯ. ಕಾಗದ ಮಾತ್ರ ಹರಿಯಬಾರದು. ಅವನ ನುಣ್ಣಗೆ ಬಾಚಿದ ತಲೆಯನ್ನು ನೋಡಿ ಅವಳಿಗೆ ಮೈ ಉರಿಯಿತು. ಬೋನಸ್ ಹೋಯಿತು, ವಿಮೆ ಹೋಯಿತು, ಸಲಹೆಗಾರಿಕೆಯೂ ಹೋಯಿತು. ಎಲ್ಲವನ್ನೂ ದೇವರ ಹೆಸರಿನಲ್ಲಿ ಸುಸೂತ್ರವಾಗಿ ಮುಗಿಸಿದವರು ಮಾಲೀಕರು. ಈ ವಿದ್ಯೆಯಲ್ಲಿ ಗಂಡ ಅವರ ಮುಂದೆ ಎಳಸು.

"ಒಂದು ಮಾತ್ರ ಅದ್ಭುತ ನೋಡು," ಎಂದು ಅವನು ತಲೆಯೆತ್ತಿದ. ಕಣ್ಣುಗಳು ಹೊಳೆಯುತ್ತಿದ್ದವು. "ಈ ವಿಷಯ ನಾನು ಯಾರಿಗೂ ಹೇಳಿರ್ಲಿಲ್ಲ. ಪಾಸ್ಟರ್‌ಗೂ ಹೇಳಿರ್ಲಿಲ್ಲ. ಗೊತ್ತಿದ್ದಿದ್ದು ನಿನಗೆ, ನನಗೆ, ದೇವರಿಗೆ. ಅವರಿಗೆ ಹೇಗೆ ತಿಳೀತು ಹೇಳು?"

ಅವಳು ಅವನ ಮುಖ ನೋಡಿದಳು. ಚುಚ್ಚುತ್ತಿದ್ದಾನೆಯೇ ಎಂದು ಹುಡುಕಿದಳು. ಇಲ್ಲ. ನಿಜವಾಗಿಯೂ ಕೇಳುತ್ತಿದ್ದ. ಅದಕ್ಕಿಂತ ಚುಚ್ಚಿದ್ದರೇ ಚೆನ್ನಾಗಿತ್ತು.

"ನನಗೇನು ಗೊತ್ತು?" ಅಂದಳು.

"ದೇವರೇ ತಿಳಿಸಿದಾನೆ. ನಾನು ಹೆದರ್ಕೊಂಡು ಹೆಜ್ಜೆ ಹೆಜ್ಜೆ ಲೆಕ್ಕ ಹಾಕ್ತಿದ್ದೆ. ಅವನು ಒಂದೇ ಸಲಕ್ಕೆ ಬಾಗಿಲು ತೆಗೆದ."

ಅವಳು ಎದ್ದು ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟಗಳನ್ನು ಮತ್ತೆ ತೊಳೆದಳು.

ಶನಿವಾರ ಲ್ಯಾಬಿನಲ್ಲಿ ಪೂರ್ತಿ ದಿನದ ಕೆಲಸ ಕೇಳಿದಳು. ಲ್ಯಾಬಿನ ಯಜಮಾನ ಬಾಯಗಲಿಸಿ ನಕ್ಕ. "ಎಷ್ಟು ಸಲ ಕರ್ದಿದ್ದೆ, ಕಣ್ಣು ನೋವು ಅಂತಿದ್ರಿ. ಈಗ ವಾಸಿ ಆಯ್ತಾ?"

"ಆಯ್ತು."

"ಯಾವ ಡಾಕ್ಟ್ರು?"

ಅವಳು ಚಕ್ರದ ಗುಂಡಿ ಒತ್ತಿದಳು. ಗಂಡನ ಪ್ರಾರ್ಥನೆ ಅಕ್ಷರಶಃ ಈಡೇರಿತ್ತು. ಅವಳ ಹೃದಯ ಮಾತ್ರ ಕೈಯಲ್ಲಿದ್ದ ಹಲ್ಲುಸೆಟ್ಟಿಗಿಂತ ಮೃದುವಾಗಿರಲಿಲ್ಲ.

ಭಾನುವಾರ ಸಭೆ. ಅದು ಸೇರುತ್ತಿದ್ದುದು ಟೈರ್ ಅಂಗಡಿಯ ಮೇಲಿನ ಬಾಡಿಗೆ ಹಾಲ್‌ನಲ್ಲಿ. ಆರಾಧನೆಗೆ ಮುಂಚೆ ಗಂಡ ಪಾಸ್ಟರ್ ಕೋಣೆಗೆ ಹೋಗಿದ್ದ. ಬಾಗಿಲು ಅರ್ಧ ತೆರೆದಿತ್ತು.

"ನೀವು ಇಷ್ಟು ಬೇಗ ಬಿಟ್ಬರ್ತೀರಿ ಅಂತ ನಾನು ತಿಳ್ಕೊಂಡಿರ್ಲಿಲ್ಲ, ಬ್ರದರ್," ಎಂಬ ಪಾಸ್ಟರ್ ದನಿ ಅವಳಿಗೆ ಕೇಳಿಸಿತು. "ಸದ್ಯಕ್ಕೆ ಸಭೆಯಲ್ಲಿ ಜಾಗ ಅಂತ ಏನೂ ಇಲ್ಲ. ಕುರ್ಚಿ ಜೋಡಿಸೋದು, ಹಾಲ್ ಗುಡಿಸೋದು, ಇಂಥ ಸೇವೆ ಇದ್ದೇ ಇದೆ. ಸಣ್ಣದರಲ್ಲಿ ನಂಬಿಗಸ್ತರಾಗಿರಿ. ಇವತ್ತು ದೇವರು ಮಾಡಿದ್ದರ ಸಾಕ್ಷಿ ಮಾತ್ರ ಚೆನ್ನಾಗಿ ಹೇಳಿ, ಜನಕ್ಕೆ ಆಶೀರ್ವಾದ ಆಗ್ಲಿ."

"ಸರಿ ಪಾಸ್ಟರ್," ಎಂದ ಗಂಡ. ಹೊರಗೆ ಬಂದವನು ಅವಳನ್ನು ನೋಡಿ ಆ ಶಿಬಿರದ ಮುಗುಳ್ನಗೆ ನಕ್ಕ. ಅದು ತುಟಿಯಲ್ಲಿ ಸರಿಯಾಗಿ ಕೂರಲಿಲ್ಲ.

ಸಾಕ್ಷಿಯ ಹೊತ್ತಿಗೆ ಅವನು ಮುಂದೆ ಹೋಗಿ ಮೈಕು ಹಿಡಿದ. ತಾನು ಯಾರಿಗೂ ಹೇಳದ ರಹಸ್ಯವನ್ನು ದೇವರು ಮಾಲೀಕರ ಹೃದಯಕ್ಕೆ ತಿಳಿಸಿದ್ದನ್ನು ಹೇಳಿದ. ಎರಡು ಸಲ ಹೇಳಿದ. ಜನ "ಸ್ತೋತ್ರ" ಎಂದರು. ಮುಂದಿನ ಸಾಲಿನಲ್ಲಿ ಮಾಲೀಕರು ಕಣ್ಣು ಮುಚ್ಚಿ ಕೈಯೆತ್ತಿದ್ದರು. ಪಾಸ್ಟರಮ್ಮ ಕಣ್ಣೊರೆಸಿಕೊಂಡರು. ಬುಧವಾರದ ಸೋಫಾಗಳ ಮೇಲೆ ಕೂತಿದ್ದ ಹೆಂಗಸರೆಲ್ಲ ಅಲ್ಲಿದ್ದರು. ರಹಸ್ಯ ಎಲ್ಲಿಂದ ಹೊರಟಿತೆಂದು ಒಬ್ಬೊಬ್ಬರಿಗೂ ಗೊತ್ತಿತ್ತು. ಒಬ್ಬಳೂ ತುಟಿ ಬಿಚ್ಚಲಿಲ್ಲ. ಎಲ್ಲರಿಗಿಂತ ಜೋರಾಗಿ ಸ್ತೋತ್ರ ಹೇಳಿದವರೂ ಅವರೇ. ಅವರ ಮೇಲೆ ಹೇಸಿಗೆಪಡಬೇಕೆಂದು ಅವಳು ಪ್ರಯತ್ನಿಸಿದಳು. ಅದು ಅವರವರೆಗೆ ಹೋಗದೆ ತನ್ನ ಹತ್ತಿರವೇ ತಿರುಗಿ ಬರುತ್ತಿತ್ತು.

"ಸಹೋದರಿಯೂ ಮುಂದೆ ಬರಲಿ," ಎಂದರು ಪಾಸ್ಟರ್. ಯಾರನ್ನಾದರೂ ದೇವರ ಸೇವೆಗೆ ಮೀಸಲಿಡುವಾಗ ಹೆಂಡತಿಯೂ ಪಕ್ಕದಲ್ಲಿ ನಿಂತು ತನಗೆ ಒಪ್ಪಿಗೆ ಎಂದು ಸಭೆಯ ಮುಂದೆ ಹೇಳುವುದು ಅಲ್ಲಿನ ಪದ್ಧತಿ. ಅವಳು ಎದ್ದಳು. ಮೈಕು ಅವಳ ಬಾಯಿಯ ಹತ್ತಿರ ಬಂತು. ಈಗ ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಇವನ ಹತ್ತಿರ ಉಳಿದಿರುವ ಒಂದೇ ಒಂದು ಅದ್ಭುತವೂ ಹೋಗುತ್ತದೆ.

"ಒಪ್ಪಿಗೆ," ಅಂದಳು.

ಇಬ್ಬರನ್ನೂ ಮೊಣಕಾಲೂರಿಸಿದರು. ಹಿರಿಯರು ಬಂದು ತಲೆಗಳ ಮೇಲೆ ಕೈಯಿಟ್ಟರು. ಪ್ರಾರ್ಥನೆ ಶುರುವಾಯಿತು, ದನಿಗಳು ಒಂದರ ಮೇಲೊಂದು ಏರಿದವು. ಅವಳು ಕಣ್ಣು ತೆರೆದು ಪಕ್ಕಕ್ಕೆ ನೋಡಿದಳು. ಗಂಡನೂ ಕಣ್ಣು ತೆರೆದಿದ್ದ. ಮುಖದಲ್ಲಿ ಮುಗುಳ್ನಗೆ ಇರಲಿಲ್ಲ, ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಅವಳ ಕಡೆ ತುಸು ಬಾಗಿ, ಅವಳಿಗೊಬ್ಬಳಿಗೇ ಕೇಳುವಂತೆ ಕೇಳಿದ:

"ನಾಳೆ ನಾನು ಎಷ್ಟೊತ್ತಿಗೆ ಏಳ್ಬೇಕು?"

ಅವಳು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಕ್ಕನ ಮೆತ್ತನೆಯ ಬೆಚ್ಚಗಿನ ಅಂಗೈ ಅವಳ ನೆತ್ತಿಯ ಮೇಲೆ ಬಂದು ಕೂತು, ಮೆಲ್ಲಗೆ, ಪ್ರೀತಿಯಿಂದ, ತಲೆಯನ್ನು ಕೆಳಗೆ ಒತ್ತಿತು.