ತಕರಾರಿಲ್ಲದ ಗುಡ್ಡ

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಕೂರುವ ಲೈಸೆನ್ಸ್ ಸರ್ವೇಯರ್ ಸುರೇಂದ್ರನಿಗೆ ಜೀವನದಲ್ಲಿ ಒಂದೇ ಒಂದು ಆಸೆ ಇತ್ತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ಅವನ ಮುಖ ನೋಡಿ ‘ಅಳತೆ ಸರಿ ಇದೆ’ ಅನ್ನಬೇಕು. ಇದೆಂಥ ದೊಡ್ಡ ಆಸೆ ಎಂದು ನಿಮಗೆ ಅನ್ನಿಸಬಹುದು. ಜಮೀನು ಅಳೆಯುವವರನ್ನು ಒಮ್ಮೆ ಕೇಳಿ ನೋಡಿ.

ಹತ್ತೊಂಬತ್ತು ವರ್ಷ ಅವನು ಹತ್ತದ ಗುಡ್ಡವಿಲ್ಲ, ದಾಟದ ಹಳ್ಳವಿಲ್ಲ, ರಕ್ತ ಕೊಡದ ಉಂಬಳದ ಜಿಗಣೆಯಿಲ್ಲ. ಅಳೆದು ಮುಗಿಸಿದ ಮೇಲೆ ಜಾಗ ಕಡಿಮೆ ಬಂದವನು ‘ಅಳತೆ ತಪ್ಪು’ ಎನ್ನುತ್ತಿದ್ದ. ಜಾಸ್ತಿ ಬಂದವನು ‘ಇನ್ನೂ ಬರಬೇಕಿತ್ತು, ಅಳತೆ ತಪ್ಪು’ ಎನ್ನುತ್ತಿದ್ದ. ಸರಿಯಾಗಿ ಬಂದವನಂತೂ ಅನುಮಾನದಿಂದ ಕಣ್ಣು ಕಿರಿದು ಮಾಡಿ, ‘ಇಷ್ಟು ಸರಿಯಾಗಿ ಹೇಗೆ ಬಂತು? ಒಳಗೆ ಏನೋ ಮಸಲತ್ತಿದೆ’ ಎಂದು ಮಾರನೇ ದಿನವೇ ತಕರಾರು ಅರ್ಜಿ ಹಾಕುತ್ತಿದ್ದ.

ಹೀಗಿರುವಾಗ ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಗೆಳೆಯ ಮಧುಸೂದನ, ಸುರೇಂದ್ರನ ಹಳೇ ಕಂಪ್ಯೂಟರನ್ನು ಸರಿ ಮಾಡಿ ಕೊಡುವಾಗ ಅದರೊಳಗೆ ಒಂದು ಗಾಲ್ಫ್ ಆಟ ಹಾಕಿ ಕೊಟ್ಟ. ಸುರೇಂದ್ರ ಗಾಲ್ಫ್ ಕೋಲನ್ನು ಕಣ್ಣಿಂದಲೂ ಕಂಡವನಲ್ಲ. ಆಟದಲ್ಲಿ ಅವನಿಗೆ ರುಚಿಯೂ ಹತ್ತಲಿಲ್ಲ. ಆದರೆ ಅದರಲ್ಲಿ ಇನ್ನೊಂದು ಸೌಕರ್ಯವಿತ್ತು. ನಿಮಗೆ ಬೇಕಾದ ಹಾಗೆ ಆಟದ ಮೈದಾನವನ್ನು ನೀವೇ ಮಾಡಬಹುದು. ಮೌಸ್ ಒತ್ತಿದರೆ ನೆಲ ಮೇಲೇಳುತ್ತದೆ, ಇನ್ನೊಂದು ಕಡೆ ಒತ್ತಿದರೆ ತಗ್ಗಾಗುತ್ತದೆ. ಬೇಕೆಂದಲ್ಲಿ ನೀರು, ಬೇಕೆಂದಲ್ಲಿ ಮರ. ಸುರೇಂದ್ರ ಇದನ್ನು ನೋಡಿ ಹಿಗ್ಗಿ ಹೀರೇಕಾಯಿಯಾದ. ಪಹಣಿ ಇಲ್ಲದ, ಪಕ್ಕದ ಜಮೀನಿನವನೇ ಇಲ್ಲದ ನೆಲ ಅವನು ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು.

ಆ ಆಟದವರು ಒಂದು ಸ್ಪರ್ಧೆಯನ್ನೂ ಸಾರಿದ್ದರು. ಲೋಕದಲ್ಲೆಲ್ಲೂ ಇಲ್ಲದ ಒಂದು ಬೆಟ್ಟವನ್ನು ಕಲ್ಪಿಸಿ, ಅದರ ಮೇಲೆ ಹದಿನೆಂಟು ಕುಳಿಗಳ ಮೈದಾನ ಮಾಡಿ ಭಾನುವಾರ ಸಂಜೆಯೊಳಗೆ ಕಳಿಸಬೇಕು. ದೇಶದೇಶದ ಆಟಗಾರರು ಅದರಲ್ಲಿ ಆಡಿ ನೋಡಿ ಅಭಿಪ್ರಾಯ ಬರೆಯುತ್ತಾರೆ. ಸುರೇಂದ್ರ ತನ್ನ ಗುಡ್ಡಕ್ಕೆ ‘ತಕರಾರಿಲ್ಲದ ಗುಡ್ಡ’ ಎಂದು ಹೆಸರಿಟ್ಟ. ಹೊಸನಗರದವರು ಅನ್ನದ ಮಾತನ್ನು ಹೊರಗಿನವರಾದರೂ ಅಂದಾರು ಎಂದು ಅವನ ಲೆಕ್ಕಾಚಾರ.

ಹುಟ್ಟುಗುಣ ಎಲ್ಲಿ ಬಿಡುತ್ತದೆ? ಗುಡ್ಡ ಎದ್ದು ನಿಂತ ಕೂಡಲೇ ನಾಲ್ಕೂ ಮೂಲೆಗೆ ಬಾಂದು ಕಲ್ಲು ನೆಟ್ಟ. ಪ್ರತಿ ಕುಳಿಯ ಸುತ್ತಲಿನ ನುಣುಪು ಹುಲ್ಲಿಗೆ, ದನ ನುಗ್ಗಬಾರದೆಂದು ತೋಟಕ್ಕೆ ತೆಗೆಯುವಂಥದೇ ಆಳದ ಅಗಳ ತೆಗೆದ. ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುವ ಅವನ ಹೆಂಡತಿ ಕುಮುದಾ ಮಧ್ಯಾಹ್ನದ ಬುತ್ತಿ ತಂದವಳು ಪರದೆ ನೋಡಿ ನಕ್ಕಳು.

“ರೀ, ಕಂಪ್ಯೂಟರಿನೊಳಗೆ ದನ ಎಲ್ಲಿಂದ ಬರುತ್ತೆ?”

“ಬರಲ್ಲ ಅಂತ ಹ್ಯಾಗೆ ಹೇಳ್ತೀಯ? ಹುಲ್ಲು ಇಷ್ಟು ಚೆನ್ನಾಗಿದೆ.”

ಕುಮುದಾ ಮಳೆ ಬಿಡುವುದನ್ನೇ ಕಾಯುವ ಮೇಗರವಳ್ಳಿಯ ಕಡೆಯವಳು. ವಾದ ಮಾಡುವುದಕ್ಕಿಂತ ಕಾದು ನೋಡುವುದು ಮೇಲು ಎಂದು ಬಲ್ಲವಳು. ಬುತ್ತಿ ಬಿಚ್ಚಿಟ್ಟು ಹೋದಳು.

ಎಡವಟ್ಟಾದದ್ದು ಬುಧವಾರ, ಹೋಟೆಲಿನಲ್ಲಿ. ಬನ್ಸ್ ತಿನ್ನುತ್ತಿದ್ದ ಸುರೇಂದ್ರನಿಗೆ ಮಧುಸೂದನನ ಫೋನು ಬಂತು. ಕೆಲಸ ಎಲ್ಲಿಗೆ ಬಂತು ಎಂದು ಅವನು ಕೇಳಿದ. ಸುರೇಂದ್ರ ಇಡೀ ಹೋಟೆಲಿಗೆ ಕೇಳುವಂತೆ ಉತ್ತರ ಕೊಟ್ಟ: “ಬೆಟ್ಟದ್ದೇ ಮಾಡ್ತಾ ಇದೀನಿ ಮಾರಾಯ. ಭಾನುವಾರದೊಳಗೆ ಹದಿನೆಂಟೂ ಮುಗಿಸಿ ಕಳಿಸ್ಬೇಕು. ಎಲ್ಲಾ ಸರಿ ಬಂತು, ಏಳನೇದು ಮಾತ್ರ ಹಳ್ಳದ ಹತ್ರ ತಕರಾರು ಮಾಡ್ತಾ ಇದೆ.”

ಬೇರೆ ಸೀಮೆಯಲ್ಲಾದರೆ ಬೆಟ್ಟವೆಂದರೆ ಬೆಟ್ಟ, ಅಷ್ಟೆ. ನಮ್ಮ ಕಡೆ ಎತ್ತರವಾದದ್ದಕ್ಕೆ ಗುಡ್ಡ ಅನ್ನುತ್ತೇವೆ. ಬೆಟ್ಟ ಅಂದರೆ ಸೊಪ್ಪಿನ ಬೆಟ್ಟ. ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದುಕೊಳ್ಳಲಿ ಎಂದು ಹಿಂದಿನ ಕಾಲದಿಂದ ಬಿಟ್ಟುಕೊಟ್ಟ ಕಾಡು ಅದು. ಅದರಲ್ಲಿ ಒಂದು ಮಾರು ಜಾಗ ಆಚೀಚೆಯಾದರೆ ಒಡಹುಟ್ಟಿದವರೂ ಮುಖ ನೋಡುವುದಿಲ್ಲ. ಸುರೇಂದ್ರನ ಬನ್ಸ್ ಮುಗಿಯುವ ಮೊದಲೇ ಸುದ್ದಿ ಬಸ್ಸು ಹತ್ತಿ ಹುಲಿಕಲ್ ಮುಟ್ಟಿತ್ತು: ಸರ್ವೇಯರ್ ಬೆಟ್ಟವನ್ನು ಹದಿನೆಂಟು ಪಾಲು ಮಾಡ್ತಾ ಇದ್ದಾನೆ, ಏಳನೇ ಪಾಲಿನಲ್ಲಿ ತಕರಾರಿದೆ, ಭಾನುವಾರಕ್ಕೆ ಮೇಲಿನ ಆಫೀಸಿಗೆ ಹೋಗುತ್ತದೆ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಹುಲಿಕಲ್‌ನ ಜಟ್ಟಿಂಗಪ್ಪ ಮೆಟ್ಟಿಲು ಹತ್ತಿ ಬಂದ. ಅರವತ್ತು ದಾಟಿದ ಆಳು, ತೋಟಗಾರ, ಹೆಗಲ ಮೇಲೆ ಟವೆಲ್, ಕಂಕುಳಲ್ಲಿ ಕಾಗದಪತ್ರದ ಚೀಲ. ಬಂದವನೇ ಕೂರಲೂ ಇಲ್ಲ, ನೇರ ಪರದೆಗೆ ಮೂಗು ತಾಗಿಸಿದ.

“ಇದು ನಮ್ಮ ಬೆಟ್ಟ!”

“ಅಲ್ಲ ಜಟ್ಟಿಂಗಪ್ಪಣ್ಣ, ಇದು ಎಲ್ಲೂ ಇಲ್ಲದ ಗುಡ್ಡ. ಆಟದ್ದು.”

“ಎಲ್ಲೂ ಇಲ್ವಾ? ಹಂಗಾರೆ ನಮ್ಮ ಉಪ್ಪಾಗೆ ಮರ ಇಲ್ಲಿ ಎಂಥ ಮಾಡ್ತಾ ಇದೆ?”

ಸುರೇಂದ್ರ ನೋಡಿದ. ನೋಡಿ ಬೆವರಿದ. ಏಳನೇ ಕುಳಿಯ ದಾರಿಯಲ್ಲಿ, ಹಳ್ಳದ ಪಕ್ಕದಲ್ಲಿ, ಎಡಕ್ಕೆ ವಾಲಿದ ಒಂದು ಮರ ನಿಂತಿತ್ತು. ಅವನು ಬೇಕೆಂದು ನಿಲ್ಲಿಸಿದ್ದಲ್ಲ. ಜಟ್ಟಿಂಗಪ್ಪನಿಗೂ ಪಕ್ಕದ ತೋಟದ ಶೇಷಪ್ಪನಿಗೂ ನಡುವಿನ ಗಡಿಯನ್ನು ಅವನು ನಾಲ್ಕು ಸಲ ಅಳೆದಿದ್ದ. ಮರ ಹಳ್ಳದ ಆಚೆಗೋ ಈಚೆಗೋ ಎಂಬ ಮಾತಿಗೆ ಅವರಿಬ್ಬರೂ ಹದಿನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು. ಅಷ್ಟು ಸಲ ಬೈಸಿಕೊಂಡ ಜಾಗ ಕೈಗೆ ತಾನಾಗಿಯೇ ಬಂದುಬಿಟ್ಟಿತ್ತು.

ಅವನು ಏನಾದರೂ ಹೇಳುವುದರೊಳಗೆ ಮುಂದಿನ ಬಸ್ಸಿಗೆ ಶೇಷಪ್ಪನೂ ಬಂದ. ತೆಳ್ಳಗೆ, ಉದ್ದಕ್ಕೆ, ಕೊಡೆಯ ಹಾಗೆ ಇರುವ ಮನುಷ್ಯ. ಜಟ್ಟಿಂಗಪ್ಪನನ್ನು ಕಂಡು ಗೋಡೆಯ ಕಡೆ ಮುಖ ಮಾಡಿ ನಿಂತ.

“ಸರ್ವೇಯರ್ರೇ, ಮರ ಹಳ್ಳದ ಈಚೆಗೆ ಹಾಕಿದ್ದು ಯಾರು ಅಂತ ಆ ಮನುಷ್ಯನ್ನ ಕೇಳಿ.”

“ಮರ ಅದರ ಪಾಡಿಗೆ ಬೆಳ್ದಿದ್ದು ಅಂತ ಅವ್ರಿಗೆ ಹೇಳಿ ಸರ್ವೇಯರ್ರೇ.”

“ಅದು ಸುಳ್ಳು ಮರ!” ಎಂದು ಸುರೇಂದ್ರ ಕೂಗಿದ. “ಗುಡ್ಡವೂ ಸುಳ್ಳು, ಹಳ್ಳವೂ ಸುಳ್ಳು! ಪೂರ್ತಿ ನಾನೇ ಹುಟ್ಟಿಸಿದ್ದು!”

“ನೋಡಿದ್ರಾ,” ಎಂದ ಶೇಷಪ್ಪ ಗೋಡೆಗೆ. “ಸುಳ್ಳು ಅಂತ ಬಾಯಿಬಿಟ್ಟು ಒಪ್ಕೊಂಡ. ನಾ ಹದಿನಾಲ್ಕು ವರ್ಷದಿಂದ ಇದನ್ನೇ ಹೇಳ್ತಾ ಇದ್ದೆ.”

ಸುರೇಂದ್ರನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ತಕರಾರಿನಿಂದ ತಪ್ಪಿಸಿಕೊಳ್ಳಲು ಇಲ್ಲದ ನೆಲವೊಂದನ್ನು ಸೃಷ್ಟಿ ಮಾಡಿದರೆ, ಅದರ ಮೇಲೂ ಎರಡು ತಕರಾರು. ಭಾನುವಾರಕ್ಕೆ ಮೂರೇ ದಿನ. ಇವರು ಎದ್ದು ಹೋಗುವ ಲಕ್ಷಣವೂ ಇಲ್ಲ. ಅಷ್ಟರಲ್ಲಿ ಬುತ್ತಿ ತಂದ ಕುಮುದಾ ಬಾಗಿಲಲ್ಲೇ ನಿಂತು ಪೂರ್ತಿ ಕೇಳಿಸಿಕೊಂಡಳು.

“ಆಟ ಅಂತ ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ ರೀ? ಆಡಿಸಿ ತೋರಿಸಿ.”

ಹಾಗೆ ಹುಲಿಕಲ್‌ನ ಜಟ್ಟಿಂಗಪ್ಪ ಕುರ್ಚಿಯಲ್ಲಿ ಕೂತು, ಮೌಸನ್ನು ಕೋಳಿಮರಿ ಹಿಡಿದಂತೆ ಹಿಡಿದು, ಏಳನೇ ಕುಳಿಯ ಕಡೆ ಮೊದಲ ಚೆಂಡು ಹೊಡೆದ. ಚೆಂಡು ಹಾರಿ, ಉಪ್ಪಾಗೆ ಮರಕ್ಕೆ ಬಡಿದು, ಹಳ್ಳಕ್ಕೆ ಬಿತ್ತು. ಗೋಡೆಯ ಕಡೆ ತಿರುಗಿದ್ದ ಶೇಷಪ್ಪ ನಗು ತಡೆಯಲಾರದೆ ಕೆಮ್ಮಿದ. ಅವನ ಸರದಿ ಬಂದಾಗ ಅವನ ಚೆಂಡು ಮರವನ್ನೇನೋ ದಾಟಿತು, ಆದರೆ ದನಕ್ಕೆಂದು ತೆಗೆದ ಅಗಳದೊಳಗೆ ಬಿದ್ದು ಎಷ್ಟು ಹೊಡೆದರೂ ಮೇಲೆ ಬರಲಿಲ್ಲ. ಈ ಸಲ ಕೆಮ್ಮಿದ್ದು ಜಟ್ಟಿಂಗಪ್ಪ.

ಎರಡು ಗಂಟೆಯ ಹೊತ್ತಿಗೆ ಇಬ್ಬರಿಗೂ ಇದು ಆಟವೇ ಎಂದು ಖಾತ್ರಿಯಾಗಿತ್ತು. ಆದರೂ ಎದ್ದು ಹೋಗಲಿಲ್ಲ. ಶುಕ್ರವಾರವೂ ಬಂದರು. ಬೇರೆ ಬೇರೆ ಬಸ್ಸಿನಲ್ಲಿ, ಆದರೆ ಬಂದರು. ಶುಕ್ರವಾರ ಮೂರು ಗಂಟೆಗೆ ಜಟ್ಟಿಂಗಪ್ಪನ ಹದಿನೇಳನೇ ಚೆಂಡು ಮರದ ಪಕ್ಕದಲ್ಲಿ ನುಸುಳಿ ಹೋಗುವಂತಿದ್ದಾಗ ಶೇಷಪ್ಪ ತನ್ನನ್ನು ತಾನೇ ಮರೆತ.

“ಬಲಕ್ಕೆ ಹೊಡಿಯಾ ಮಾರಾಯ, ಬಲಕ್ಕೆ! ಮಳೆಗಾಲದಲ್ಲಿ ಹಳ್ಳ ಎಡಕ್ಕೆ ತಿರುಗ್ತದಲ್ಲ, ಗೊತ್ತಿಲ್ವಾ ನಿಂಗೆ?”

ಅದು ಹದಿನಾಲ್ಕು ವರ್ಷದ ಮೇಲೆ ನೇರವಾಗಿ ಆಡಿದ ಮಾತು. 

“ಗೊತ್ತಿಲ್ದೆ ಎಂಥ?” ಎಂದ ಜಟ್ಟಿಂಗಪ್ಪ ನಿಧಾನಕ್ಕೆ. “ಆದ್ರೆ ಈ ಪುಣ್ಯಾತ್ಮ ಇಲ್ಲಿ ಹಳ್ಳನ ಬಲಕ್ಕೆ ತಿರುಗ್ಸಿದಾನೆ ನೋಡು.”

ಇಬ್ಬರೂ ಒಟ್ಟಿಗೆ ಸುರೇಂದ್ರನ ಕಡೆ ತಿರುಗಿದರು. ಸರ್ವೇಯರ್ ತಪ್ಪು ಮಾಡಿದ್ದಾನೆ ಎಂಬ ಒಂದು ವಿಷಯದಲ್ಲಿ ಅವರಿಗೆ ಯಾವತ್ತೂ ಭಿನ್ನಾಭಿಪ್ರಾಯ ಇರಲಿಲ್ಲ ಎಂಬುದು ಅವರಿಗೆ ಆಗಲೇ ಹೊಳೆದದ್ದು.

“ಆಟ ಅಲ್ವಾ ಅಣ್ಣ, ಯಾವ ಕಡೆ ತಿರುಗಿದ್ರೇನು?” ಎಂದು ಸುರೇಂದ್ರ ಗೋಗರೆದ.

“ಆಟ ಆದ್ರೆ? ಬಲಕ್ಕೆ ಏರು ಇದೆ, ನೀರು ಮೇಲ್ಗಡೆ ಹತ್ತುತ್ತಾ?” ಎಂದರು ಇಬ್ಬರೂ.

ಶನಿವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಚೀಲದಿಂದ ಒಂದು ಹಾಳೆ ತೆಗೆದಿಟ್ಟರು. ‘ಏಳನೇ ಕುಳಿಯ ಹಳ್ಳದ ತಿರುವು ತಪ್ಪಾಗಿರುವ ಬಗ್ಗೆ ಜಂಟಿ ತಕರಾರು ಅರ್ಜಿ.’ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದಿದ್ದರು. ಕೆಳಗೆ ಎರಡು ಸಹಿ, ಒಂದರ ಪಕ್ಕ ಇನ್ನೊಂದು. ನಿಜವಾದ ನೆಲದ ಯಾವ ಕಾಗದದ ಮೇಲೂ ಈ ಎರಡು ಸಹಿ ಒಟ್ಟಿಗೆ ಬಿದ್ದದ್ದನ್ನು ಸುರೇಂದ್ರ ಕಂಡಿರಲಿಲ್ಲ. ಅರ್ಜಿ ತೆಗೆದುಕೊಂಡು, ಸೀಲು ಹೊಡೆದು, ಹಳ್ಳವನ್ನು ಎಡಕ್ಕೆ ತಿರುಗಿಸಿದ. ಈಗ ಏಳನೇ ಕುಳಿಯ ದಾರಿಯ ಉದ್ದ ಎಷ್ಟು ಬಂತು ಎಂದು ಕೇಳಿದರು. ನೂರ ಅರವತ್ತನಾಲ್ಕು ಗಜ ಎಂದ. ಕಂಪ್ಯೂಟರ್ ಹೇಳಿದರೆ ನಂಬುವುದು ಹೇಗೆ? ಕೆಳಗಿನ ಬೇಕರಿಯಿಂದ ಪೊಟ್ಟಣ ಕಟ್ಟುವ ದಾರ ತಂದರು. ಪರದೆಯ ಮೇಲೆ ಅದರ ಒಂದು ತುದಿಯನ್ನು ಜಟ್ಟಿಂಗಪ್ಪ, ಇನ್ನೊಂದು ತುದಿಯನ್ನು ಶೇಷಪ್ಪ ಹಿಡಿದರು. ನಕ್ಷೆಯ ಮೂಲೆಯಲ್ಲಿದ್ದ ಅಳತೆಪಟ್ಟಿಗೆ ಹೋಲಿಸಿ, ಗುಣಿಸಿ, ಭಾಗಿಸಿ, ಕೊನೆಗೆ ‘ಹ್ಞೂಂ’ ಎಂದರು. ‘ಸರಿ ಇದೆ’ ಅನ್ನಲಿಲ್ಲ. ‘ಹ್ಞೂಂ’ ಅಷ್ಟೆ.

ಭಾನುವಾರ ನಾಲ್ಕು ಗಂಟೆಗೆ ಗುಡ್ಡ ಸ್ಪರ್ಧೆಗೆ ಹೋಯಿತು.

ಮೂರು ವಾರದ ಮೇಲೆ ಫಲಿತಾಂಶ ಬಂತು. ಮುನ್ನೂರ ಹನ್ನೆರಡು ಮೈದಾನಗಳಲ್ಲಿ ತಕರಾರಿಲ್ಲದ ಗುಡ್ಡಕ್ಕೆ ನಲವತ್ತೊಂದನೇ ಜಾಗ. ಕುಳಿಯ ಸುತ್ತಲಿನ ಆ ಕಂದಕಗಳು ಯಾವ ಪುರಾತನ ನಾಗರಿಕತೆಯವು ಎಂದು ಒಬ್ಬ ಕೇಳಿದ್ದ. ಸುರೇಂದ್ರ ಹಿಗ್ಗುತ್ತಾ ಓದುತ್ತಾ ಪರದೆಯ ಕೆಳಗಿನ ಸಾಲುಗಳಿಗೆ ಬಂದ. ಅಲ್ಲಿ ಸ್ಕಾಟ್ಲೆಂಡಿನ ಒಬ್ಬಾತ ಉದ್ದಕ್ಕೆ ಬರೆದಿದ್ದ. ನಲವತ್ತು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ, ಏಳನೇ ಕುಳಿಯ ದಾರಿ ನೂರ ಅರವತ್ತನಾಲ್ಕು ಗಜ ಇರಲು ಸಾಧ್ಯವೇ ಇಲ್ಲ, ನೂರ ಐವತ್ತು ದಾಟುವುದಿಲ್ಲ, ಅಳತೆ ತಪ್ಪು.

 ಕುಮುದಾ ಬುತ್ತಿ ಹಿಡಿದು ಬಂದಾಗ ಸುರೇಂದ್ರ ಇಡೀ ಗುಡ್ಡವನ್ನು ಅಳಿಸಿಹಾಕುವ ಬಟನ್ನಿನ ಮೇಲೆ ಮೌಸಿನ ಬಾಣ ನಿಲ್ಲಿಸಿಕೊಂಡು ಕೂತಿದ್ದ.

“ಎಲ್ಲೂ ಇಲ್ಲದ ಗುಡ್ಡ ಅಳೆದ್ರೂ ತಪ್ಪಂತೆ ಕಣೇ,” ಎಂದ.  ಅವನಿಗೆ ನಿಜಕ್ಕೂ ಅಳು ಬಂದಿತ್ತು.

ಅಷ್ಟರಲ್ಲಿ ಮೆಟ್ಟಿಲಲ್ಲಿ ನಾಲ್ಕು ಚಪ್ಪಲಿಗಳ ಸದ್ದು. ಜಟ್ಟಿಂಗಪ್ಪ, ಶೇಷಪ್ಪ. ಪೇಟೆಗೆ ಬಂದಾಗಲೆಲ್ಲ ಒಂದು ಆಟ ಆಡಿ ಹೋಗುವುದು ಅವರಿಗೆ ರೂಢಿಯಾಗಿತ್ತು. ಕುಮುದಾ ಆ ಸ್ಕಾಟ್ಲೆಂಡಿನವನ ಮಾತನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದಳು.

ಶೇಷಪ್ಪನ ಮುಖ ಕೆಂಪಾಯಿತು. “ಅವನ್ಯಾರು ನಮ್ಮ ಬೆಟ್ಟದ ಬಗ್ಗೆ ಮಾತಾಡಕ್ಕೆ? ಅವ ಹುಲಿಕಲ್ ನೋಡಿದಾನಾ?”

“ಒಂದು ಉಂಬಳ ಹತ್ತಿಸ್ಕೊಂಡಿದಾನಾ?” ಎಂದ ಜಟ್ಟಿಂಗಪ್ಪ. “ಸುರೇಂದ್ರಣ್ಣ, ಟೈಪ್ ಮಾಡಿ. ನಾವು ಹೇಳ್ತೀವಿ. ಕುಮುದಕ್ಕ ಆಮೇಲೆ ಇಂಗ್ಲಿಷ್ ಮಾಡ್ಲಿ.”

ಸುರೇಂದ್ರ ಬೆರಳುಗಳನ್ನು ಕೀಲಿಗಳ ಮೇಲಿಟ್ಟ. ಜಟ್ಟಿಂಗಪ್ಪ ಗಂಟಲು ಸರಿ ಮಾಡಿಕೊಂಡ.

“ಸದರಿ ಹಳ್ಳದ ಎರಡೂ ಬದಿಯ ಹಿಡುವಳಿದಾರರಾದ ನಾವು ಖುದ್ದಾಗಿ ನಿಂತು, ದಾರ ಹಿಡಿದು, ಅಳೆಸಿದ್ದೇವೆ...”

“ಮರ ಇಬ್ಬರದ್ದೂ ಅಂತ ಸೇರ್ಸಿ,” ಎಂದ ಶೇಷಪ್ಪ. ಹೇಳಿ ತಾನೇ ಒಂದು ಕ್ಷಣ ಗಾಬರಿಯಾದ. ಜಟ್ಟಿಂಗಪ್ಪ ಅವನ ಮುಖ ನೋಡಿದ, ಟವೆಲ್‌ನಿಂದ ಮೂಗು ಒರೆಸಿಕೊಂಡ, ಬೇಡ ಅನ್ನಲಿಲ್ಲ.

ಸುರೇಂದ್ರ ಸೇರಿಸಿದ.

“ಕೊನೆಗೆ ಇಷ್ಟು ಬರೀರಿ,” ಎಂದ ಶೇಷಪ್ಪ, ಮೇಜು ಕುಟ್ಟಿ. “ನಮ್ಮ ಸರ್ವೇಯರ್ ಸುರೇಂದ್ರ ಅವರ ಅಳತೆ ಸರಿ ಇದೆ.”

ಸುರೇಂದ್ರನ ಬೆರಳು ನಿಂತವು. ಪರದೆ ಯಾಕೋ ಮಸುಕು ಮಸುಕಾಗಿ ಕಂಡಿತು.

“ಶೇಷಪ್ಪಣ್ಣ, ಕೊನೇ ಸಾಲು ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”

“ಅಳತೆ ಸರಿ ಇದೆ!”

“ಜಟ್ಟಿಂಗಪ್ಪಣ್ಣ, ನಿಮ್ದೂ ಅದೇ ಅಭಿಪ್ರಾಯವಾ? ಇಬ್ರೂ ಸಹಿ ಹಾಕೋದಲ್ವಾ, ಇಬ್ರ ಬಾಯಲ್ಲೂ ಬಂದ್ರೆ ಒಳ್ಳೇದು.”

“ಅಳತೆ ಸರಿ ಇದೆ ಮಾರಾಯ್ರೇ! ನಿಮ್ಮ ಕಿವಿಗೆ ಎಂಥ ಆಗಿದೆ?”

ಕಿವಿಗೆ ಏನೂ ಆಗಿರಲಿಲ್ಲ. ಅದು ಕುಮುದಾಗೆ ಗೊತ್ತಿತ್ತು. ಅವಳು ಆಗಷ್ಟೇ ತೆರೆದಿದ್ದ ಬುತ್ತಿಯ ಮುಚ್ಚಳವನ್ನು ಮತ್ತೆ ಹಾಕಿ, ಗಂಡ ಮೂರನೇ ಸಲ ಕೇಳುವವರೆಗೂ ಸುಮ್ಮನೆ ಕಾದಳು.